ಒರತೆಗಳು ಹಾಕಿಕೊಟ್ಟ ದಾರಿ

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮರ್ರೀ ಎಂಬ ಸಣ್ಣ ಊರಿನಿಂದ ಹೊರಟು, ಊಡ್ನಡಾಟಾ ಎಂಬ ಅಷ್ಟೇ ಸಣ್ಣದಾದ ಇನ್ನೊಂದು ಊರನ್ನು ಹಾಯ್ದು, ಮಾರ್ಲಾ ಎಂಬಲ್ಲಿ ಹೆದ್ದಾರಿಯನ್ನು ಸೇರುವ ಸುಮಾರು 620 ಕಿಲೋಮೀಟರು ಉದ್ದದ ಮಣ್ಣಿನ ದಾರಿಯೊಂದುಂಟು. ಕಣ್ಣು ಹಾಯುವಷ್ಟು ದೂರವೂ ಬಯಲೇ ಬಿದ್ದುಕೊಂಡಿರುವಾಗ, ಅಡ್ಡಗಟ್ಟಲು ಬೆಟ್ಟವಾಗಲಿ ಅರಣ್ಯವಾಗಲಿ ಇಲ್ಲದಿರುವಾಗ, ದಾರಿಯೆಂಬುದು ದಾರ ಹಿಡಿದು ಎಳೆದಂತೆ ನೇರವಾಗಿರಬೇಕಷ್ಟೆ. ಆದರೆ ನಕ್ಷೆಯನ್ನು ಬಿಡಿಸಿ ನೋಡಿದರೆ ಇದು ಐರ್ ಸರೋವರದ ದಕ್ಷಿಣ ಮತ್ತು ಪಶ್ಚಿಮ ಅಂಚುಗಳನ್ನು ಬಳಸಿಕೊಂಡು ಬಿಲ್ಲಿನಂತೆ ಬಾಗಿರುವುದು ಕಾಣುತ್ತದೆ. ಈ ಬಾಗು ಏತಕ್ಕೆಂಬ ಪ್ರಶ್ನೆ ಮೊದಲ ದಿನವೇ ನನ್ನ ಮನಸ್ಸಿನಲ್ಲಿ ಹುಟ್ಟಿತು. ಅದಕ್ಕೆ ದೊರೆತ ಉತ್ತರವೇ ಈ ದಾರಿಯ ಚರಿತ್ರೆಯೆಂದು ತಿಳಿದುದು ಮರುದಿನ.

ಅಡಿಲೇಡಿನಲ್ಲಿರುವ ಮಗನ ಮನೆಯಿಂದ ಒಂದು ಚಳಿಗಾಲದಲ್ಲಿ, ಅವನ ಸ್ನೇಹಿತರೊಬ್ಬರು ವಿಶ್ವಾಸದಿಂದ ಎರವಲು ಕೊಟ್ಟ ಕ್ಯಾರವಾನನ್ನು ಕಾರಿನ ಹಿಂದೆ ಕಟ್ಟಿಕೊಂಡು, ನಾನೂ ನನ್ನ ಪತ್ನಿಯೂ ಈ ದಾರಿಗೆ ಬಂದೆವು. ಮಕ್ಕಳು ನೆಲೆಗೆ ನಿಂತ ಮೇಲೆ ದಂಪತಿಗಳು ಗಾಲಿಯ ಮನೆಯೊಂದನ್ನು ಎಳೆದುಕೊಂಡು ತಿಂಗಳುಗಟ್ಟಲೆ ಒಳನಾಡಿನಲ್ಲಿ ಸಂಚರಿಸುವುದು ಆ ದೇಶದಲ್ಲಿ ಈಗ ಒಂದು ಪದ್ಧತಿಯೇ ಆಗಿಬಿಟ್ಟಿದೆ. ಪತ್ನೀಸಮೇತವಾದ ವಾನಪ್ರಸ್ಥವನ್ನು ನಮ್ಮ ಹಿರಿಯರು ವಿಧಿಸಿದ್ದುದು ನೆನಪಾಗಿ, ಆ ನರೆಗೂದಲಿನ ಪಯಣಿಗರನ್ನು ಕಂಡಾಗಲೆಲ್ಲ ನನಗೆ ಒಂದು ಬಗೆಯ ಆತ್ಮೀಯತೆ ಉಂಟಾಗುತ್ತಿದ್ದಿತು. ಕ್ಯಾರವಾನ್ ಎಂಬ ಶಬ್ದವಾದರೋ ಪಾರಸಿಯ ಕಾರವಾನ್. ಮರುಭೂಮಿಯನ್ನು ದಾಟಲು ಗುಂಪುಗೂಡಿ ನಡೆಯುವ ವರ್ತಕರ ಒಂಟೆಗಳ ಸಾಲಿಗೆ ಅದು ಹೆಸರು. ನಮ್ಮ ಪ್ರಾಚೀನರು ಅದನ್ನೇ ಸಾರ್ಥವೆಂದು ಕರೆದರು. ಮಂಚವೂ ಒಲೆಯೂ ಇರುವ ಎರಡಾಳಿನ ಪೆಟ್ಟಿಗೆಗೆ ಈ ಹೆಸರು ಅಂಟಿಕೊಂಡದ್ದು ಇಂಗ್ಲೆಂಡಿನಲ್ಲಿ. ಆದರೆ ಈ ದಾರಿಯಲ್ಲಿ ಆ ಹೆಸರಿಗೆ ಮೂಲಾರ್ಥದ ಹಕ್ಕೂ ಇದೆಯೆಂಬುದನ್ನು ಮುಂದೆ ಹೇಳುವೆನು.

ಮರ್ರೀಯಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿಗೂ ಮಿಗಿಲಾಗಿ ಹೋದ ಮೇಲೆ, ವಾಬ್ಮಾ ಕಡರ್ಬು ಎಂಬ ಸಂರಕ್ಷಿತ ಪ್ರದೇಶದಲ್ಲಿ, ಬಬ್ಲರ್ ಎಂಬ ಹೆಸರಿನ ಒಂದು ಬುಗ್ಗೆ ಇದೆ. ಸುತ್ತಲೂ ಉಪ್ಪು ಹೂತ ನೆಲ, ಒಂದು ಗಿಡದ ನೆರಳಿಲ್ಲ. ನಡುವೆ ಜೊಂಡಿನ ಹಸುರಂಚಿನ ಒಂದು ಕೊಳ. ಮರದ ಹಲಗೆಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರೆ, ನಿಶ್ಚಲವಾದ ನೀರಿನ ತಳದಲ್ಲಿ ಬೂದುಬಣ್ಣದ ಮರಳು ಮೆಲ್ಲಗೆ ಉಬ್ಬುತ್ತದೆ, ಅಂಬಲಿ ಕುದಿಯುವಾಗ ಪಾತ್ರೆಯ ನಡುವೆ ಏಳುವಂತೆ ಒಂದು ಗುಬುಟಾಗಿ ಮೇಲಕ್ಕೆ ಬರುತ್ತದೆ, ಒಡೆದು ಬಳೆಯಾಕಾರದ ಅಲೆಯೊಂದನ್ನು ದಡಕ್ಕೆ ಅಟ್ಟಿ ಮತ್ತೆ ತಳಕ್ಕೆ ಕೂರುತ್ತದೆ. ಬಿಸಿಯಿಲ್ಲ, ಸದ್ದೂ ಇಲ್ಲವೆಂದೇ ಹೇಳಬಹುದು. "ಯಾರೋ ಒಳಗೆ ಉಸಿರಾಡ್ತಿದಾರೆ ನೋಡ್ರಿ," ಎಂದಳು ನನ್ನ ಪತ್ನಿ.

ಆ ನೀರು ಅಲ್ಲಿಯದಲ್ಲ. ಖಂಡದ ಪೂರ್ವದಂಚಿನ ಪರ್ವತಶ್ರೇಣಿಯ ಮೇಲೆ ಬಿದ್ದ ಮಳೆ ಮರಳುಗಲ್ಲಿನ ಪದರಗಳೊಳಕ್ಕೆ ಇಳಿದು, ಕಾಣದ ಇಳಿಜಾರಿನಲ್ಲಿ ಅತ್ಯಂತ ಮಂದಗತಿಯಿಂದ ಪಶ್ಚಿಮಕ್ಕೆ ಸರಿದು, ಪದರವು ತೆಳುವಾಗಿ ಬಿರುಕುಬಿಟ್ಟ ಈ ಅಂಚಿನಲ್ಲಿ ತನ್ನದೇ ಒತ್ತಡದಿಂದ ಮೇಲಕ್ಕೆ ಉಕ್ಕುತ್ತದೆ. ಸುಮಾರು 17 ಲಕ್ಷ ಚದರ ಕಿಲೋಮೀಟರು ವಿಸ್ತಾರದ, ಅಂದರೆ ಖಂಡದ ಐದರಲ್ಲೊಂದು ಭಾಗಕ್ಕೂ ಮಿಗಿಲಾದ ಈ ಭೂಗರ್ಭ ಜಲರಾಶಿಯಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಿಂದಿನ ನೀರು ಉಂಟು. ಸುಣ್ಣವನ್ನೂ ಮರಳನ್ನೂ ಹೊತ್ತು ತಂದು ತನ್ನ ಬಾಯ ಸುತ್ತಲೂ ಪೇರಿಸುತ್ತ ಬಂದು ಪ್ರತಿಯೊಂದು ಒರತೆಯೂ ಒಂದೊಂದು ದಿಬ್ಬವನ್ನು ಕಟ್ಟಿಕೊಂಡಿದೆ. ಈ ದಿಬ್ಬದ ಬುಗ್ಗೆಗಳು ಸರೋವರದಂಚಿಗೆ ಮಣಿಗಳನ್ನು ಪೋಣಿಸಿದಂತೆ ಕಮಾನಾಗಿ ಸಾಲುಗೊಂಡಿರುವವು. ದಾರಿಯ ಬಾಗು ಈ ಸಾಲಿನ ಬಾಗು. ಐರ್ ಸರೋವರವು ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರು ತಗ್ಗಿನಲ್ಲಿ, ಬಹುಕಾಲ ಬರಿಯ ಉಪ್ಪಿನ ಹಾಸಾಗಿ ಬಿದ್ದಿರತಕ್ಕದ್ದು. ಹೆಸರಿಗೆ ಸರೋವರವಾದ ಅದು ಬಾಯಾರಿದವನಿಗೆ ಏನನ್ನೂ ಕೊಡದು, ಅದರ ಮಗ್ಗುಲಿನ ಈ ಸಣ್ಣ ಒರತೆಗಳೇ ಜೀವವನ್ನು ಕಾದವು.

ಇದನ್ನು ಮೊದಲು ಬಲ್ಲವರು ಆ ನಾಡಿನ ಮೂಲನಿವಾಸಿಗಳಾದ ಅರಬಾನಾ ಜನ ಮತ್ತು ಅವರ ನೆರೆಯವರಾದ ಕುಯಾನಿಗಳು. ಫ್ಲಿಂಡರ್ಸ್ ಬೆಟ್ಟಗಳಲ್ಲಿ ದೊರೆಯುವ ಶ್ರೇಷ್ಠವಾದ ಕಾವಿಮಣ್ಣನ್ನು ವಿಧಿಕ್ರಿಯೆಗಳಿಗಾಗಿ ತರಲು ನೂರಾರು ಮೈಲಿಗಳಿಂದ ಜನರು ಈ ಬುಗ್ಗೆಯಿಂದ ಆ ಬುಗ್ಗೆಗೆಂದು ನಡೆದು ಹೋಗುತ್ತಿದ್ದರು. ಯಾವ ಬುಗ್ಗೆಯಾದ ಮೇಲೆ ಯಾವುದು, ಎರಡರ ನಡುವೆ ಎಷ್ಟು ನಡಿಗೆ ಎಂಬುದೆಲ್ಲ ಅವರಲ್ಲಿ ಕಥೆಯಾಗಿಯೂ ಹಾಡಾಗಿಯೂ ಉಳಿದಿದ್ದಿತು. ಬಬ್ಲರಿಗೂ ಅಂಥದೊಂದು ಕಥೆಯಿದೆ: ಕುಯಾನಿ ಪೂರ್ವಜನೊಬ್ಬನು ಮಹಾಸರ್ಪವೊಂದರ ಜಾಡು ಹಿಡಿದು ಬಂದು ಅದನ್ನು ಇಲ್ಲಿ ಕೊಂದನು, ನೀರಿನ ಹೊರಳಾಟವು ಸಾಯುತ್ತಿರುವ ಹಾವಿನ ಹೊರಳಾಟ, ಕಡಿದೆಸೆದ ತಲೆ ದೂರದಲ್ಲಿ ಕಾಣುವ ಗುಡ್ಡ, ಹಾವನ್ನು ಬೇಯಿಸಿದ ಒಲೆಯೇ ಪಕ್ಕದ ಬ್ಲಾಂಚ್ ಕಪ್ ಎಂಬ ದುಂಡನೆಯ ಬುಗ್ಗೆ. ಪುರಾಣವೆಂದು ಇದನ್ನು ಬದಿಗೆ ಸರಿಸುವವರು ಒಂದನ್ನು ಗಮನಿಸಬೇಕು. ಕಥೆಯನ್ನು ಬಲ್ಲ ಮಗುವಿಗೆ ಗುಡ್ಡವೊಂದು ಕಂಡರೆ ಸಾಕು, ನೀರು ಎಲ್ಲಿದೆಯೆಂದು ಗೊತ್ತು. ಅಕ್ಷರದಲ್ಲಿ ಬರೆದ ಯಾವ ನಕ್ಷೆ ಇದಕ್ಕಿಂತ ಹೆಚ್ಚಿನದನ್ನು ಹೇಳೀತು?

1859ರಲ್ಲಿ ಜಾನ್ ಮೆಕ್‌ಡೌಅಲ್ ಸ್ಟೂಅರ್ಟ್ ಎಂಬ ಕುಳ್ಳಗಿನ, ಹಟವಾದಿ ಸ್ಕಾಟ್ಲೆಂಡಿನವನು ಕುದುರೆಗಳೊಂದಿಗೆ ಬಂದು ಈ ಬುಗ್ಗೆಗಳನ್ನು ಒಂದೊಂದಾಗಿ ಗುರುತುಮಾಡಿ ಹೆಸರಿಟ್ಟನು. 1862ರ ಜುಲೈಯಲ್ಲಿ ಇದೇ ಸಾಲನ್ನು ಮೆಟ್ಟಿಲು ಮಾಡಿಕೊಂಡು ಖಂಡದ ಉತ್ತರ ಕಡಲನ್ನು ಮುಟ್ಟಿದನು. ಅವನ ಹಿಂದೆಯೇ ತಂತಿ ಬಂದಿತು. ಚಾರ್ಲ್ಸ್ ಟಾಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಪೋರ್ಟ್ ಅಗಸ್ಟಾದಿಂದ ಡಾರ್ವಿನ್ನಿನವರೆಗೆ ಸುಮಾರು 3,200 ಕಿಲೋಮೀಟರು, 36,000 ಕಂಬಗಳು, ಎರಡು ವರ್ಷಗಳಷ್ಟು ಕೆಲಸ. 1872ರ ಆಗಸ್ಟ್ 22ರಂದು ತಂತಿಯ ಎರಡು ತುದಿಗಳೂ ಕೂಡಿದವು. ಡಾರ್ವಿನ್ನಿನಿಂದ ಕಡಲಡಿಯ ತಂತಿ ಜಾವಾಕ್ಕೂ, ಅಲ್ಲಿಂದ ಸಿಂಗಪುರ, ಮದರಾಸು, ಮುಂಬಯಿಗಳ ಮೂಲಕ ಲಂಡನ್ನಿಗೂ ಹೋಗುತ್ತಿದ್ದುದರಿಂದ, ಈ ನಿರ್ಜನ ಬಯಲಿನ ಸುದ್ದಿ ನಮ್ಮ ನೆಲವನ್ನು ಹಾಯ್ದೇ ಇಂಗ್ಲೆಂಡನ್ನು ತಲಪುತ್ತಿದ್ದಿತು. ದೂರ ಹೋದಂತೆ ಕ್ಷೀಣಿಸುವ ಸಂಕೇತವನ್ನು ಕೇಳಿ ಮತ್ತೆ ಕೈಯಿಂದ ಕುಟ್ಟಿ ಮುಂದಕ್ಕೆ ಕಳುಹಿಸುವುದಕ್ಕಾಗಿ ನಡುನಡುವೆ ಠಾಣೆಗಳು ಬೇಕಾದವು. ಠಾಣೆಯಲ್ಲಿ ಮನುಷ್ಯರು ಬಾಳಬೇಕಾದುದರಿಂದ, ಈ ಭಾಗದ ಸ್ಟ್ರಾಂಗ್‌ವೇಸ್, ಪೀಕ್ ಎಂಬ ಠಾಣೆಗಳು ಬುಗ್ಗೆಗಳ ಬಳಿಯೇ ಎದ್ದವು. ಸ್ಟ್ರಾಂಗ್‌ವೇಸಿನಲ್ಲಿ ಈಗ ಸೂರಿಲ್ಲದ ಕಲ್ಲುಗೋಡೆಗಳು ನಿಂತಿವೆ.

ಕಂಬವನ್ನೂ ತಂತಿಯನ್ನೂ ಹಿಟ್ಟನ್ನೂ ಹೊತ್ತವರು ಯಾರು? ಎತ್ತೂ ಕುದುರೆಯೂ ನೀರಿಲ್ಲದ ನೆಲದಲ್ಲಿ ಬಹಳ ದೂರ ಬಾಳವು. ಇದನ್ನು ಕಂಡೇ 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬುವರ ಅನ್ವೇಷಣಾಯಾತ್ರೆಗೆಂದು ಇಂಡಿಯಾದಿಂದ 24 ಒಂಟೆಗಳನ್ನು ತರಿಸಿದ್ದರು. 1866ರ ಹೊತ್ತಿಗೆ ಥಾಮಸ್ ಎಲ್ಡರ್ ಎಂಬ ಧನಿಕನು ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳನ್ನೂ, ಜೊತೆಯಲ್ಲಿ 31 ಮಂದಿ ಒಂಟೆಗಾರರನ್ನೂ ಪೋರ್ಟ್ ಅಗಸ್ಟಾದಲ್ಲಿ ಇಳಿಸಿ, ಬೆಲ್ಟಾನಾ ಎಂಬಲ್ಲಿ ಒಂಟೆಗಳ ತಳಿ ಬೆಳಸಿದನು. ಅಲ್ಲಿಂದ ಮುಂದಿನ ಅರ್ಧಶತಮಾನದಲ್ಲಿ ಸುಮಾರು ಎರಡು ಸಾವಿರ ಒಂಟೆಗಾರರೂ ಇಪ್ಪತ್ತು ಸಾವಿರದಷ್ಟು ಒಂಟೆಗಳೂ ಆ ಖಂಡಕ್ಕೆ ಬಂದುವೆಂದು ಅಂದಾಜು. ಪೇಶಾವರ, ಬಲೂಚಿಸ್ತಾನ, ಸಿಂಧ, ಪಂಜಾಬ, ರಾಜಸ್ಥಾನ, ಆಫ್ಘಾನಿಸ್ತಾನಗಳಿಂದ ಬಂದ ಇವರೆಲ್ಲರನ್ನೂ ಅಲ್ಲಿಯ ಬಿಳಿಯರು ಆಫ್ಘನರೆಂದೇ ಕರೆದು, ನಾಲಗೆಗೆ ಸುಲಭವಾಗಲೆಂದು ಘಾನ್ ಎಂದು ಮೊಟಕುಗೊಳಿಸಿದರು. ಇಂಡಿಯಾದ ಸರ್ಕಾರದ ಪ್ರಜೆಯಾಗಿ ಹುಟ್ಟಿದವನಿಗೂ ಇದೇ ಹೆಸರು.

ಮೂಗುಗೂಟಕ್ಕೆ ಕಟ್ಟಿದ ಹಗ್ಗವನ್ನು ಮುಂದಿನ ಒಂಟೆಗೆ ಬಿಗಿದು, ಒಮ್ಮೊಮ್ಮೆ ಎಪ್ಪತ್ತು ಒಂಟೆಗಳವರೆಗೂ ಒಂದೇ ಸಾಲಾಗಿ ನಡೆಸುತ್ತಿದ್ದರು. ಬಲಿಷ್ಠವಾದ ಗಂಡು ಒಂಟೆಗೆ ನಾನೂರು ಕಿಲೋವಿಗೂ ಮಿಗಿಲಾದ ಹೇರು. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ನಡಿಗೆ. ಹೋಗುವಾಗ ಹಿಟ್ಟು, ಚಹ, ಸಕ್ಕರೆ, ತಗಡು, ಮುಳ್ಳುತಂತಿ. ಬರುವಾಗ ಉಣ್ಣೆಯ ಮೂಟೆ. ಮರಳಿನಲ್ಲಿ ಹೂಳದ ಅಗಲವಾದ ಪಾದಗಳು ಸಾಲಾಗಿ ತುಳಿದ ಜಾಡೇ ಕ್ರಮೇಣ ದಾರಿಯಾಯಿತು. ನಾವು ಎರಡು ಗಂಟೆಗಳಲ್ಲಿ ಹಾಯ್ದು ಬಂದುದು ಅವರಿಗೆ ನಾಲ್ಕು ದಿನದ ನಡೆ. ಆ ಎರಡು ಗಂಟೆಗಳಲ್ಲೇ ಕೆಂಪು ಧೂಳು ಕ್ಯಾರವಾನಿನ ಮುಚ್ಚಿದ ಕಿಟಕಿಗಳ ಸಂದಿಯಿಂದ ನುಗ್ಗಿ, ಬಿಗಿಯಾದ ಮುಚ್ಚಳವಿದ್ದ ಅಕ್ಕಿಯ ಡಬ್ಬಿಯೊಳಗೂ ಸೇರಿ, ಅಂದು ರಾತ್ರಿಯ ಅನ್ನಕ್ಕೆ ಕಾವಿಬಣ್ಣವನ್ನು ಕೊಟ್ಟಿತು.

ಮೂರು ವರ್ಷಗಳ ಕರಾರಿನ ಮೇಲೆ ಬಂದ ಆ ಒಂಟೆಗಾರರು ಹೆಂಡತಿಯರನ್ನು ಕರೆತಂದಿರಲಿಲ್ಲ. ಇದನ್ನು ಓದಿದಂದಿನಿಂದ ಈ ದಾರಿಯ ಚರಿತ್ರೆಯಲ್ಲಿ ನನ್ನನ್ನು ಅತಿಯಾಗಿ ಕಾಡಿದ ಸಂಗತಿ ಇದೇ. ಇಂದು ಎಲ್ಲಿ ನೋಡಿದರೂ ಜೋಡಿಜೋಡಿಯಾಗಿ ಕುರ್ಚಿ ಹಾಕಿಕೊಂಡು ಸೂರ್ಯಾಸ್ತವನ್ನು ನೋಡುವ ದಂಪತಿಗಳಿರುವ ಈ ದಾರಿಯು ಐವತ್ತು ಅರುವತ್ತು ವರ್ಷಗಳ ಕಾಲ ಒಂಟಿ ಗಂಡಸರ ದಾರಿಯಾಗಿದ್ದಿತು. 1901ರ ವಲಸೆ ನಿರ್ಬಂಧ ಶಾಸನವು ಬಿಳಿಯರಲ್ಲದವರಿಗೆ ಬಾಗಿಲು ಹಾಕಿದ ಮೇಲಂತೂ ಊರಿಗೆ ಹೋದವನು ಮರಳಿ ಬರುವುದು ಸಂಶಯ, ಸಂಸಾರವನ್ನು ಕರೆತರುವುದು ಹೆಚ್ಚುಕಡಮೆ ಅಸಾಧ್ಯ. ಕೆಲವರು ಮೂಲನಿವಾಸಿ ಸ್ತ್ರೀಯರನ್ನೂ, ಕೆಲವರು ಐರೋಪ್ಯ ಸ್ತ್ರೀಯರನ್ನೂ ವಿವಾಹವಾಗಿ ಅಲ್ಲೇ ಬೇರೂರಿದರು. ಮರ್ರೀಯಲ್ಲಿ ರೈಲುಕಂಬಿಯ ಒಂದು ಪಕ್ಕ ಬಿಳಿಯರು, ಇನ್ನೊಂದು ಪಕ್ಕ ಒಂಟೆಗಾರರೂ ಮೂಲನಿವಾಸಿಗಳೂ ಇದ್ದರು. ಈ ಇನ್ನೊಂದು ಪಕ್ಕದಲ್ಲಿ ಒಂಟೆಗಾರರು ಮಣ್ಣಿನ ಗೋಡೆಯ ಪುಟ್ಟ ಮಸೀದಿಯನ್ನು ಕಟ್ಟಿ, ಖರ್ಜೂರದ ಮರಗಳನ್ನು ನೆಟ್ಟರು. 1896ರ ಕಾಲ್ವರ್ಟ್ ಅನ್ವೇಷಣಾಯಾತ್ರೆಯಲ್ಲಿ ಒಂಟೆಗಳನ್ನು ಕಾಪಾಡಿ ಕೀರ್ತಿ ಪಡೆದ ಬಲೂಚಿಯಾದ ಬೇಜಾ ದರ್ವೇಶನು ಇಲ್ಲಿ ಸಂಸಾರ ಹೂಡಿ, ಮುಪ್ಪಿನಲ್ಲಿ ಖರ್ಜೂರವನ್ನು ಬೆಳೆಯುತ್ತಿದ್ದು 1957ರಲ್ಲಿ ತೀರಿಕೊಂಡನು. ಲಂಡನ್ನಿನಲ್ಲಿ ಹುಟ್ಟಿ, ಭಾರತದಿಂದ ಬಂದ ಒಂಟೆಗಾರನೊಡನೆ ಊಡ್ನಡಾಟಾದ ಕಡೆ ಬಾಳಿದ ವಿನಿಫ್ರೆಡ್ ಸ್ಟೀಗರ್ ಎಂಬಾಕೆ ತನ್ನ ಬಾಳನ್ನು ಕುರಿತು 1969ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಒಂಟೆಯ ಗಂಟೆಗಳನ್ನು ನೆನೆದು 'ಆಲ್ವೇಸ್ ಬೆಲ್ಸ್' ಎಂದು ಹೆಸರಿಟ್ಟಳು. ಈ ಮರುಭೂಮಿಯಲ್ಲಿ ಗಂಡಹೆಂಡಿರಾಗಿ ನಡೆದವರಲ್ಲಿ ನಮಗೆ ಹಿರಿಯರು ಇವರು.

ರೈಲಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕಂಬಿಯು 1884ರಲ್ಲಿ ಮರ್ರೀಗೂ 1891ರಲ್ಲಿ ಊಡ್ನಡಾಟಾಕ್ಕೂ ಬಂದು, ಅಲ್ಲಿ ನಿಂತುಬಿಟ್ಟಿತು. 1929ರಲ್ಲಿ ಅದು ಆಲಿಸ್ ಸ್ಪ್ರಿಂಗ್ಸ್ ಮುಟ್ಟುವವರೆಗೆ ನಡುವಣ ಮೂವತ್ತೆಂಟು ವರ್ಷ ರೈಲು ತಂದುದನ್ನು ಮುಂದಕ್ಕೆ ಒಯ್ದುದು ಒಂಟೆಯೇ. ರೈಲಿಗೆ ಘಾನ್ ಎಂಬ ಹೆಸರು ಬಂದುದೂ ಈ ಒಂಟೆಗಾರರಿಂದಲೇ ಎನ್ನುವರು. ಉಗಿಯ ಎಂಜಿನ್ನಿಗೂ ನೀರು ಬೇಕಾದುದರಿಂದ ಕಂಬಿಯೂ ಬುಗ್ಗೆಗಳ ಸಾಲನ್ನೇ ಹಿಡಿಯಿತು. ಆದರೆ ಒಣಗಿದ ನದಿಗಳ ಪಾತ್ರದಲ್ಲಿ ಹಾಕಿದ ಆ ಕಂಬಿಯನ್ನು ಅಪರೂಪದ ನೆರೆಗಳು ಮತ್ತೆ ಮತ್ತೆ ಕೊಚ್ಚಿಕೊಂಡು ಹೋದವು. 1980ರಲ್ಲಿ ದೂರದ ಪಶ್ಚಿಮದಲ್ಲಿ ಹೊಸ ಮಾರ್ಗವಾದ ಮೇಲೆ ಹಳೆಯದನ್ನು ಮುಚ್ಚಿದರು.

ಕವರ್ಡ್ ಸ್ಪ್ರಿಂಗ್ಸ್ ಎಂಬ ಹಳೆಯ ರೈಲು ನಿಲುಗಡೆಯಲ್ಲಿ ನಾವು ರಾತ್ರಿ ತಂಗಿದೆವು. ರೈಲಿಗೆಂದು 1880ರ ದಶಕದಲ್ಲಿ ಅಲ್ಲಿ ಕೊರೆದ ಕೊಳವೆಬಾವಿಯು ಕಬ್ಬಿಣ ತುಕ್ಕುಹಿಡಿದು ಒಡೆದು, ದಶಕಗಳ ಕಾಲ ಹಗಲೂ ರಾತ್ರಿಯೂ ಹರಿದು ಜೌಗೊಂದನ್ನೇ ಸೃಷ್ಟಿಸಿದ್ದಿತು. 1993ರಲ್ಲಿ ಅದನ್ನು ಹೊಸದಾಗಿ ಕೊರೆದು ಹರಿವನ್ನು ಹದ್ದುಬಸ್ತಿಗೆ ತಂದರು. ಇಂಥ ಸಾವಿರಾರು ಕೊಳವೆಬಾವಿಗಳನ್ನು ಈ ಜಲರಾಶಿಯೊಳಕ್ಕೆ ಇಳಿಸಿದ್ದರಿಂದ ಒಳಗಿನ ಒತ್ತಡವು ಕುಗ್ಗಿ, ಎಷ್ಟೋ ಬುಗ್ಗೆಗಳು ಬಡವಾಗಿವೆ, ಕೆಲವು ಬತ್ತಿಯೇ ಹೋಗಿವೆ. ಲಕ್ಷಾಂತರ ವರ್ಷ ನಡೆದು ಬಂದ ನೀರನ್ನು ಒಂದು ಶತಮಾನದಲ್ಲಿ ಸುಮ್ಮನೆ ಬಯಲಿಗೆ ಹರಿಯಬಿಟ್ಟುದು ನನಗೆ ದುಃಖವನ್ನುಂಟುಮಾಡಿತು. ಬಾವಿ ಬತ್ತಿದ ಊರಿನಲ್ಲಿ ಬೆಳೆದವನಿಗೆ ಇದನ್ನು ಬರಿಯ ಅಂಕಿಯಾಗಿ ಓದಲಾಗದು. 2012ರಲ್ಲಿ ನ್ಯಾಯಾಲಯವು ಈ ನೆಲದ ಮೇಲೆ, ಈ ನೀರನ್ನು ಮೊದಲು ಬಲ್ಲವರಾದ ಅರಬಾನಾ ಜನರ ಪರಂಪರಾಗತ ಹಕ್ಕನ್ನು ಒಪ್ಪಿತು. ಅದೇ ವರ್ಷ ಸರೋವರಕ್ಕೂ ಅವರಿಟ್ಟಿದ್ದ ಹೆಸರು ಸೇರಿ ಕಾಟಿ ಥಾಂಡಾ–ಐರ್ ಸರೋವರವೆಂದಾಯಿತು.

1920ರ ದಶಕದಲ್ಲಿ ಲಾರಿಗಳು ಬಂದು ಒಂಟೆಯ ಹೇರಿಗೆ ಕೆಲಸವಿಲ್ಲದಂತಾದಾಗ, ಒಡೆಯನಿಲ್ಲದೆ ಅಲೆಯುವ ಒಂಟೆಗಳನ್ನು ಗುಂಡಿಕ್ಕಿ ಕೊಲ್ಲಬಹುದೆಂದು 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಶಾಸನವನ್ನೇ ಮಾಡಿತು. ಹೆಸರಿಟ್ಟು ಸಾಕಿದ ಪ್ರಾಣಿಗಳನ್ನು ಕೊಲ್ಲಲು ಕೈಬಾರದೆ ಅನೇಕ ಒಂಟೆಗಾರರು ಮೂಗುಗೂಟವನ್ನು ಕಿತ್ತು ಅವನ್ನು ಬಯಲಿಗೆ ಬಿಟ್ಟುಬಿಟ್ಟರು. ಊಡ್ನಡಾಟಾವನ್ನು ದಾಟಿದ ಮೇಲೆ, ಮಾರ್ಲಾ ಇನ್ನೂ ದೂರವಿರುವಾಗ, ಸಂಜೆಯ ಇಳಿಬಿಸಿಲಿನಲ್ಲಿ ಅಂಥವುಗಳ ಸಂತತಿಯ ಐದು ಒಂಟೆಗಳು ದಾರಿಗೆ ಅಡ್ಡಬಂದವು. ಕಾರನ್ನು ನಿಲ್ಲಿಸಿ ಎಂಜಿನ್ ಆರಿಸಿದೆನು. ದೊಡ್ಡದೊಂದು ನಮ್ಮ ಕ್ಯಾರವಾನಿನ ಕಡೆ ಕತ್ತು ತಿರುಗಿಸಿ ಒಂದಷ್ಟು ಹೊತ್ತು ನೋಡಿತು. "ಗಂಟೆ ಇಲ್ಲ ಕೊರಳಲ್ಲಿ," ಎಂದಳು ನನ್ನ ಪತ್ನಿ ಮೆಲ್ಲಗೆ. ಹಗ್ಗವಿಲ್ಲದೆಯೂ ಒಂದರ ಹಿಂದೊಂದು ಸಾಲು ಹಿಡಿದು, ಅವು ನೀರಿರುವ ದಿಕ್ಕಿಗೆ ನಡೆದು ಹೋದವು.