ಗಾಜಿನ ತೊಟ್ಟಿಯ ಪಾಚಿ: ಕೊಲ್ಲುವ ಮದ್ದಿನಿಂದ ಕಾರಣದ ಹುಡುಕಾಟದವರೆಗೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅನೇಕ ಮನೆಗಳಲ್ಲೂ ಶಾಲೆಗಳಲ್ಲೂ ಸಿಹಿನೀರಿನ ಮೀನಿನ ತೊಟ್ಟಿಗಳಿವೆ. ತೊಟ್ಟಿ ಇಟ್ಟವರಿಗೆಲ್ಲ ಒಂದು ತೊಂದರೆ ಪರಿಚಿತ. ನೀರು ತುಂಬಿದ ಕೆಲವು ವಾರಗಳಲ್ಲೇ ಗಾಜಿನ ಮೇಲೆ ಕಂದು ಅಥವಾ ಹಸಿರು ಪದರ ಕಟ್ಟುತ್ತದೆ. ಗಿಡಗಳ ಎಲೆಯಂಚಿನಲ್ಲಿ ಕಪ್ಪು ಕುಚ್ಚುಗಳು ಮೂಡುತ್ತವೆ. ಕೆಲವೊಮ್ಮೆ ನೀರೇ ಹಸಿರಾಗಿ ಮೀನುಗಳು ಕಾಣದಂತಾಗುತ್ತವೆ. ಉಜ್ಜಿ ತೆಗೆದರೂ ಕೆಲವೇ ದಿನಗಳಲ್ಲಿ ಅದು ಮತ್ತೆ ಹಾಜರು!

ಇದನ್ನೆಲ್ಲ ನಾವು ‘ಪಾಚಿ’ ಎಂಬ ಒಂದೇ ಹೆಸರಿನಿಂದ ಕರೆದರೂ ಇವು ಒಂದೇ ಬಗೆಯ ಜೀವಿಗಳಲ್ಲ. ಹೊಸ ತೊಟ್ಟಿಯ ಕಂದು ಪದರ ಸಾಮಾನ್ಯವಾಗಿ ಸಿಲಿಕಾ ಕವಚವಿರುವ ಡಯಾಟಮ್‌ಗಳದ್ದು. ಹಸಿರು ನೂಲು ಮತ್ತು ಹಸಿರು ನೀರು ಹಸಿರು ಶೈವಲಗಳಿಂದ ಆದವು. ಕಪ್ಪು ಕುಚ್ಚು ವಾಸ್ತವವಾಗಿ ಕೆಂಪು ಶೈವಲ. ಅದನ್ನು ಸ್ಪಿರಿಟ್‌ನಲ್ಲಿ ನೆನೆಸಿದರೆ ಪತ್ರಹರಿತ್ತು ಕರಗಿಹೋಗಿ ಕೆಂಪು ಬಣ್ಣ ಹೊರಬೀಳುತ್ತದೆ. ಲೋಳೆಯಂತೆ ಹಾಸಿಕೊಂಡು ವಾಸನೆ ಬೀರುವ ‘ನೀಲಿ-ಹಸಿರು ಪಾಚಿ’ಯಂತೂ ಶೈವಲವೇ ಅಲ್ಲ, ಅದು ಸಯನೋಬ್ಯಾಕ್ಟೀರಿಯಾ. ಇಷ್ಟು ಭಿನ್ನವಾದ ಜೀವಿಗಳನ್ನು ಹತೋಟಿಗೆ ತರಲು ನಡೆದ ಪ್ರಯತ್ನಗಳಿಗೆ ಸುಮಾರು ನೂರೆಪ್ಪತ್ತೈದು ವರ್ಷಗಳ ಇತಿಹಾಸವಿದೆ. ‘ಇದನ್ನು ಹೇಗೆ ಕೊಲ್ಲುವುದು?’ ಎಂದು ಕೇಳಿದವರಿಗಿಂತ ‘ಇದು ಏಕೆ ಬೆಳೆಯಿತು?’ ಎಂದು ಕೇಳಿದವರೇ ಹೆಚ್ಚು ದೂರ ಸಾಗಿದರು ಎಂಬುದು ಆ ಇತಿಹಾಸದ ಸಾರ.

ಪ್ರೀಸ್ಟ್ಲಿ ಕಂಡ ಹಸಿರು ಪದಾರ್ಥ

1770ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಬೆಳಕಿಗಿಟ್ಟ ನೀರಿನ ಪಾತ್ರೆಗಳ ಒಳಗೋಡೆಯಲ್ಲಿ ಹಸಿರು ಪದಾರ್ಥವೊಂದು ಕಟ್ಟುವುದನ್ನೂ ಅದರಿಂದ ಗುಳ್ಳೆಗಳು ಏಳುವುದನ್ನೂ ಗಮನಿಸಿದರು. ಆ ಗುಳ್ಳೆಗಳಲ್ಲಿದ್ದುದು ಇಂದು ನಾವು ಆಮ್ಲಜನಕ ಎಂದು ಕರೆಯುವ ಅನಿಲ. ಆದರೆ ಆ ಹಸಿರು ಪದಾರ್ಥ ಜೀವಿಯೇ ಎಂಬುದು ಅವರಿಗೆ ಮೊದಲು ಖಚಿತವಾಗಲಿಲ್ಲ. ಸಸ್ಯಗಳ ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಈ ಅನಿಲವನ್ನು ಹೊರಬಿಡುತ್ತವೆ ಎಂದು 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ತೋರಿಸಿಕೊಟ್ಟರು. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ನಾವು ಹೇಳುವ ಈ ಕಥೆಯಲ್ಲಿ ಪುದೀನ ಗಿಡದ ಜೊತೆಗೆ ಪಾಚಿಗೂ ಒಂದು ಪಾತ್ರವಿತ್ತು ಎಂಬುದನ್ನು ಮರೆಯಬಾರದು.

ವಾರಿಂಗ್ಟನ್ನರ ಬಸವನಹುಳುಗಳು

ಸಮತೋಲದ ಮೀನಿನ ತೊಟ್ಟಿಯ ಕಲ್ಪನೆಗೆ ಪ್ರಯೋಗದ ಬುನಾದಿ ಹಾಕಿದವರು ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್. 1849ರಲ್ಲಿ ಅವರು ಸುಮಾರು 12 ಗ್ಯಾಲನ್, ಅಂದರೆ 55 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿಕ್ಕ ಗೋಲ್ಡ್ ಫಿಷ್‌ಗಳನ್ನು ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯಾ ಗಿಡವನ್ನು ನೆಟ್ಟರು. ನೀರಿನ ಮೂಲಕ ಪರಾಗಸ್ಪರ್ಶಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಡುವ ಉದಾಹರಣೆಯೂ ಇದೇ ಗಿಡ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸಿಕೊಂಡಿತು, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಬಳಸಿಕೊಂಡಿತು. ಲೆಕ್ಕ ಸರಿಹೊಂದಿತು ಎನ್ನುವಷ್ಟರಲ್ಲಿ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಪಾತ್ರೆಯ ಗೋಡೆಗೆ ಹಸಿರು ಲೋಳೆ ಕಟ್ಟಿತು.

ವಾರಿಂಗ್ಟನ್ ಇದಕ್ಕೆ ಯಾವ ರಾಸಾಯನಿಕವನ್ನೂ ಸುರಿಯಲಿಲ್ಲ. ಕೊಳಗಳಲ್ಲಿ ಈ ಕೊಳೆತ ಎಲೆಯನ್ನು ತಿನ್ನುವವರು ಯಾರು ಎಂದು ಯೋಚಿಸಿ, ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ತಿಳಿಯಾಯಿತು. 1850ರಲ್ಲಿ ಅವರು ಈ ಫಲಿತಾಂಶವನ್ನು ರಸಾಯನ ವಿಜ್ಞಾನಿಗಳ ಸಂಘದ ಮುಂದಿಟ್ಟರು. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕ ಬಂದ ಮೇಲೆ ಮೀನಿನ ತೊಟ್ಟಿ ಮನೆಮನೆಯ ಹವ್ಯಾಸವಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಾರಿಂಗ್ಟನ್ನರ 55 ಲೀಟರ್ ನೀರಿನಲ್ಲಿದ್ದುದು ಎರಡೇ ಮೀನು. ಇಂದು ಅಷ್ಟೇ ನೀರಿನಲ್ಲಿ ಹತ್ತು-ಹನ್ನೆರಡು ಮೀನುಗಳನ್ನು ಬಿಟ್ಟು, ದಿನಕ್ಕೆ ಎರಡು ಬಾರಿ ಆಹಾರ ಉದುರಿಸಿ, ಎರಡು ಬಸವನಹುಳುಗಳಿಂದ ಅದೇ ಕೆಲಸವನ್ನು ನಿರೀಕ್ಷಿಸಿದರೆ ಅದು ನಡೆಯದು.

ಮೈಲುತುತ್ತದ ಕಾಲ

19ನೆಯ ಶತಮಾನದ ಕೊನೆಯ ಹೊತ್ತಿಗೆ ತಾಮ್ರದ ಲವಣಗಳ ಶಕ್ತಿ ಬೆಳಕಿಗೆ ಬಂತು. ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಪರಿಣಾಮಕಾರಿ ಎಂದು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ಇದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದರ ಸಿಂಪಡಣೆಯನ್ನು ಬಳಕೆಗೆ ತಂದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಅದು ಇಂದಿಗೂ ಉಳಿದಿದೆ. ಸ್ವಾರಸ್ಯವೆಂದರೆ, ಕೊಳೆರೋಗದ ಫೈಟಾಫ್ತರಾ ನಿಜವಾದ ಶಿಲೀಂಧ್ರವಲ್ಲ. ವಂಶಾವಳಿಯಲ್ಲಿ ಅದು ಡಯಾಟಮ್‌ಗಳಿಗೇ ಹತ್ತಿರ.

ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲ್ಲರ್‌ಮನ್ 1904ರಲ್ಲಿ ಇದೇ ಮೈಲುತುತ್ತವನ್ನು ಕುಡಿಯುವ ನೀರಿನ ಜಲಾಶಯಗಳ ಪಾಚಿಯ ಮೇಲೆ ಪ್ರಯೋಗಿಸಿದ ವರದಿಯನ್ನು ಹೊರತಂದರು. ಅತ್ಯಲ್ಪ ಪ್ರಮಾಣವೇ ಅನೇಕ ಶೈವಲಗಳನ್ನು ನಾಶಮಾಡುತ್ತಿತ್ತು. ಜಲಾಶಯದಿಂದ ಈ ಮದ್ದು ಕೊಳಕ್ಕೆ, ಅಲ್ಲಿಂದ ಗಾಜಿನ ತೊಟ್ಟಿಗೆ ಇಳಿಯಿತು. ತೊಟ್ಟಿಗಳಿಗೆಂದು ಮಾರುವ ಕೆಲವು ಪಾಚಿನಾಶಕಗಳಲ್ಲಿ ಈಗಲೂ ತಾಮ್ರವಿರುತ್ತದೆ.

ಈ ಮದ್ದಿನಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು ನೀರಿನ ಗಡಸುತನ. ಗಡಸು ನೀರಿನಲ್ಲಿ ತಾಮ್ರದ ಬಹುಭಾಗ ಕಾರ್ಬೊನೇಟ್ ಆಗಿ ನಿಷ್ಕ್ರಿಯವಾಗುತ್ತದೆ. ಮೆದು ನೀರಿನಲ್ಲಿ ಅದೇ ಪ್ರಮಾಣ ಮೀನಿಗೆ ವಿಷವಾಗುತ್ತದೆ. ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಕೊಳವೆಬಾವಿಯ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಇವುಗಳ ಗಡಸುತನ ಬೇರೆ ಬೇರೆ. ಹಾಗಾಗಿ ಬಾಟಲಿಯ ಮೇಲೆ ಬರೆದ ‘ಇಷ್ಟು ಹನಿ’ ಎಂಬ ಅಳತೆ ಎಲ್ಲರಿಗೂ ಒಂದೇ ಆಗಲಾರದು. ಎರಡನೆಯದು, ಸಿಗಡಿ ಮತ್ತು ಬಸವನಹುಳುಗಳಂಥ ಅಕಶೇರುಕಗಳು ಮೀನುಗಳಿಗಿಂತ ಬೇಗ ಸಾಯುತ್ತವೆ. ಎಂದರೆ ಮದ್ದು ಪಾಚಿಯ ಜೊತೆಗೆ ಪಾಚಿ ತಿನ್ನುವವರನ್ನೂ ಕೊಲ್ಲುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ, ಅದರಲ್ಲಿದ್ದ ಸಾರಜನಕ, ರಂಜಕಗಳು ಮತ್ತೆ ನೀರಿಗೇ ಸೇರುತ್ತವೆ. ಮುಂದಿನ ಬೆಳೆಗೆ ಗೊಬ್ಬರ ಸಿದ್ಧ!

ನೀಲಿ-ಹಸಿರು ಪಾಚಿಗೆ ಎರಿತ್ರೊಮೈಸಿನ್ ಮಾತ್ರೆ ಹಾಕುವ ರೂಢಿಯೂ ಹವ್ಯಾಸಿಗಳಲ್ಲಿ ಬಂತು. ಅದು ಬ್ಯಾಕ್ಟೀರಿಯಾ ಆದುದರಿಂದ ಮದ್ದು ಕೆಲಸ ಮಾಡುವುದು ನಿಜ. ಆದರೆ ಮನುಷ್ಯರ ಚಿಕಿತ್ಸೆಗೆ ಬೇಕಾದ ಪ್ರತಿಜೀವಕವನ್ನು ತೊಟ್ಟಿಗೆ ಹಾಕಿ ಚರಂಡಿಗೆ ಚೆಲ್ಲುವುದು ಔಷಧ ನಿರೋಧಕ ರೋಗಾಣುಗಳನ್ನು ಬೆಳೆಸುವ ದಾರಿ.

ಪರದೆ ಕಟ್ಟಿದ ಸರೋವರ

ಪಾಚಿ ಏಕೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದುದು ತೊಟ್ಟಿಯಿಂದಲ್ಲ, ಸರೋವರದಿಂದ. ಸಸ್ಯದ ಬೆಳವಣಿಗೆಯನ್ನು ನಿರ್ಧರಿಸುವುದು ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶ ಎಂಬ ‘ಕನಿಷ್ಠ ನಿಯಮ’ವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಮತ್ತು ಲೀಬಿಗ್ ಬೆಳೆಸಿದ್ದರು. 1960ರ ದಶಕದಲ್ಲಿ ಉತ್ತರ ಅಮೆರಿಕದ ಈರಿ ಸರೋವರ ಪಾಚಿಯಿಂದ ತುಂಬಿದಾಗ ಈ ನಿಯಮ ದೊಡ್ಡ ವಿವಾದದ ಕೇಂದ್ರವಾಯಿತು. ಕಾರಣ ಮಾರ್ಜಕಗಳಲ್ಲಿರುವ ರಂಜಕವೇ, ಸಾರಜನಕವೇ ಅಥವಾ ಇಂಗಾಲವೇ?

ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಚಿಕ್ಕ ಸರೋವರಗಳಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. 227ನೆಯ ಸಂಖ್ಯೆಯ ಸರೋವರಕ್ಕೆ 1969ರಿಂದ ಸಾರಜನಕ, ರಂಜಕ ಎರಡನ್ನೂ ಸೇರಿಸಿದಾಗ ಪಾಚಿ ತನಗೆ ಬೇಕಾದ ಇಂಗಾಲವನ್ನು ಗಾಳಿಯಿಂದಲೇ ಪಡೆದುಕೊಂಡಿತು. 1973ರಲ್ಲಿ 226ನೆಯ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕವನ್ನು, ಒಂದು ಭಾಗಕ್ಕೆ ಮಾತ್ರ ಜೊತೆಗೆ ರಂಜಕವನ್ನು ಸೇರಿಸಿದರು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರ ಪುಟಗಟ್ಟಲೆ ವಾದಕ್ಕಿಂತ ಬಲವಾಗಿ ಮಾತನಾಡಿತು. ಹಲವು ದೇಶಗಳು ಮಾರ್ಜಕಗಳಲ್ಲಿ ರಂಜಕವನ್ನು ಕಡಿಮೆಮಾಡಲು ಇಂಥ ಸಾಕ್ಷ್ಯ ನೆರವಾಯಿತು.

ಬಡಾವಣೆಯ ಕೆರೆಗಳು

ನಮ್ಮಲ್ಲೂ ಪಾಚಿಯನ್ನು ಶತ್ರುವೆಂದಲ್ಲದೆ ಸಾಕ್ಷಿಯೆಂದು ನೋಡಿದವರಿದ್ದರು. ಧಾರವಾಡದ ಕೆರೆಗಳನ್ನು ಅಧ್ಯಯನ ಮಾಡಿದ ಎಸ್.ಪಿ. ಹೊಸಮನಿ ಮತ್ತು ಎಸ್.ಜಿ. ಭಾರತಿ, ಸಾವಯವ ಮಾಲಿನ್ಯದ ಸೂಚಕಗಳಾಗಿ ಶೈವಲಗಳನ್ನು ಕುರಿತು 1980ರಲ್ಲಿ ಪ್ರಬಂಧ ಪ್ರಕಟಿಸಿದರು. ಯಾವ ಪಾಚಿ ಬಂದಿದೆ ಎಂದು ಗುರುತಿಸಿದರೆ ನೀರಿನಲ್ಲಿ ಏನು ಸೇರಿದೆ ಎಂದು ಊಹಿಸಬಹುದು ಎಂಬುದು ಇಂಥ ಅಧ್ಯಯನಗಳ ತಿರುಳು.

ದಕ್ಷಿಣ ಬೆಂಗಳೂರು ಇದಕ್ಕೆ ತೆರೆದ ಪಾಠಶಾಲೆ. ಬಿ.ಟಿ.ಎಂ. ಎಂಬುದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹೆಸರುಗಳ ಮೊದಲಕ್ಷರ. ತಾವರೆಯ ಕೆರೆಯೊಂದು ಬಡಾವಣೆಯ ಹೆಸರಿನಲ್ಲೇ ಅಡಗಿದೆ. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರು ನಗರಕ್ಕೆ ಏರಿ ಬಂತು. ಅನಂತರ ಹಂತಹಂತವಾಗಿ ಅದರ ಪ್ರಮಾಣ ಹೆಚ್ಚಿ, 2024ರಲ್ಲಿ ಐದನೆಯ ಹಂತವೂ ಉದ್ಘಾಟನೆಯಾಯಿತು. ಒಳಬಂದ ನೀರು ಸಾಬೂನು, ಮಲಮೂತ್ರಗಳ ಸಾರಜನಕ ಮತ್ತು ರಂಜಕಗಳನ್ನು ಹೊತ್ತು ಹೊರಹೋಗಬೇಕಲ್ಲವೆ? ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ ಹರಿಯುತ್ತದೆ. ಆ ಕೆರೆ ನೊರೆಯುಕ್ಕಿಸಿ, 2015 ಮತ್ತು 2017ರಲ್ಲಿ ಬೆಂಕಿ ಹೊತ್ತಿ ಸುದ್ದಿಯಾಯಿತು. 2018ರಲ್ಲಿ ಈ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸತೊಡಗಿದಾಗ, ಎರಡನೆಯ ಹಂತದ ಸಂಸ್ಕರಣೆ ಸಾಲದು, ಪೋಷಕಾಂಶಗಳನ್ನೂ ತೆಗೆಯಬೇಕು ಎಂಬ ಒತ್ತಾಯ ಎದ್ದದ್ದು ಇದೇ ಕಾರಣಕ್ಕೆ.

ಮನೆಯ ತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನಿನ ಆಹಾರದ ಮೂಲಕ ಸಾರಜನಕ, ರಂಜಕಗಳು ಒಳಬರುತ್ತವೆ. ಫಿಲ್ಟರಿನಲ್ಲಿ ನೆಲಸಿದ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ, ಮುಂದೆ ನೈಟ್ರೇಟ್ ಆಗಿ ಬದಲಿಸುತ್ತವೆ. ಇಂಥ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿದ್ದರು. ಇದರಿಂದ ಮೀನು ಬದುಕುತ್ತದೆ, ಆದರೆ ನೈಟ್ರೇಟ್ ಮತ್ತು ಫಾಸ್ಫೇಟ್ ನೀರಿನಲ್ಲೇ ಉಳಿಯುತ್ತವೆ. ಫಿಲ್ಟರು ನೀರನ್ನು ತಿಳಿಗೊಳಿಸುತ್ತದೆ, ಗೊಬ್ಬರವನ್ನು ಹೊರಹಾಕುವುದಿಲ್ಲ. ಬೆಂಗಳೂರಿನ ಅನೇಕ ಕೊಳವೆಬಾವಿಗಳಲ್ಲಿ ನೈಟ್ರೇಟ್ ಮಿತಿ ಮೀರಿರುವುದರಿಂದ, ಕೆಲವು ಮನೆಗಳಲ್ಲಿ ತೊಟ್ಟಿಗೆ ತುಂಬುವ ನೀರೇ ಗೊಬ್ಬರದ ನೀರಾಗಿರಬಹುದು.

ತೊಟ್ಟಿಗೆ ಮರಳಿದ ಪ್ರಶ್ನೆ

ಸರೋವರದ ಪಾಠವನ್ನು ತೊಟ್ಟಿಗೆ ಅನ್ವಯಿಸಿದವರು ಹವ್ಯಾಸಿಗಳು. ಗಿಡಗಳಿಗೆ ಬೇಕಾದ ಉಳಿದ ಪೋಷಕಗಳನ್ನೆಲ್ಲ ಕೊಟ್ಟು ರಂಜಕವನ್ನು ಮಾತ್ರ ಮಿತಗೊಳಿಸಿದರೆ ಪಾಚಿ ಸೋಲುತ್ತದೆ ಎಂದು ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ 1996ರಲ್ಲಿ ವಾದಿಸಿದರು. ಆದರೆ ಅಮೆರಿಕದ ಟಾಮ್ ಬಾರ್, ಗಿಡಗಳು ದಟ್ಟವಾಗಿ ಬೆಳೆಯುತ್ತಿರುವ ತೊಟ್ಟಿಗೆ ಫಾಸ್ಫೇಟ್ ಸೇರಿಸಿದರೂ ಪಾಚಿ ಬರಲಿಲ್ಲ ಎಂದು ವರದಿ ಮಾಡಿದರು. ಇವು ಪ್ರಯೋಗಾಲಯದ ಬಿಗಿಯಾದ ಪ್ರಯೋಗಗಳಲ್ಲ. ಆದರೂ ಎರಡೂ ಪಕ್ಷಗಳು ಒಪ್ಪುವ ಅಂಶ ಒಂದಿದೆ: ಗಿಡಗಳು ಚೆನ್ನಾಗಿ ಬೆಳೆಯುತ್ತಿದ್ದರೆ ಪಾಚಿಗೆ ಅವಕಾಶ ಕಡಿಮೆ. ತಿಳಿನೀರಿನ ಸರೋವರಕ್ಕೆ ಹೊಂದಿದ ನಿಯಮ, ಗಿಡ ತುಂಬಿದ ತೊಟ್ಟಿಗೆ ಹಾಗೆಯೇ ಹೊಂದಬೇಕೆಂದಿಲ್ಲ ಎಂಬುದೂ ಇದರಿಂದ ತಿಳಿಯಿತು.

ಜಪಾನಿನ ತಕಾಶಿ ಅಮಾನೊ 1980ರ ದಶಕದಲ್ಲಿ ಪಾಚಿ ತಿನ್ನುವ ಚಿಕ್ಕ ಸಿಗಡಿಯೊಂದನ್ನು ಜನಪ್ರಿಯಗೊಳಿಸಿದರು. ಅದಕ್ಕೆ ಅವರ ಹೆಸರೇ ಅಂಟಿಕೊಂಡಿತು. ಗಿಡ, ಕೆಲವೇ ಮೀನು, ಪಾಚಿ ತಿನ್ನುವ ಜೀವಿ ಎಂಬ ಈ ಸೂತ್ರ ವಾರಿಂಗ್ಟನ್ನರದೇ ಅಲ್ಲವೆ?

ಇಲ್ಲೊಂದು ಎಚ್ಚರಿಕೆಯೂ ಬೇಕು. ಪಾಚಿ ತಿನ್ನಲೆಂದು ಅಂಗಡಿಗಳಲ್ಲಿ ಮಾರುವ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಬೆಳೆದಂತೆ ತೊಟ್ಟಿಗೆ ಹಿಡಿಸದಷ್ಟು ದೊಡ್ಡದಾಗುತ್ತದೆ. ಅದನ್ನು ಕೆರೆಗೆ ಬಿಡುವುದು ಮೀನಿಗೆ ತೋರುವ ಕರುಣೆಯೆಂದು ಕಂಡರೂ ಕೆರೆಗೆ ಮಾಡುವ ಹಾನಿ. ದಕ್ಷಿಣ ಭಾರತದ ಹಲವು ಜಲಮೂಲಗಳಲ್ಲಿ ಈ ಮೀನು ಈಗಾಗಲೇ ಬೇರೂರಿದೆ. ಸಾರಕ್ಕಿ, ಮಡಿವಾಳ, ಯಡಿಯೂರು ಕೆರೆಗಳಿಗೆ ತೊಟ್ಟಿಯ ಮೀನನ್ನಾಗಲಿ ಗಿಡವನ್ನಾಗಲಿ ಬಿಡಬಾರದು.

ಬಳಕೆಗೆ ಬರುವ ಪಾಠ

ಈ ಇತಿಹಾಸವನ್ನು ಕೆಲಸಕ್ಕೆ ಇಳಿಸುವುದು ಕಷ್ಟವಲ್ಲ. ತೊಟ್ಟಿಗೆ ಹಾಕುವ ಮೊದಲೇ ನೀರಿನ ನೈಟ್ರೇಟ್ ಮತ್ತು ಗಡಸುತನವನ್ನು ಪರೀಕ್ಷಾ ಕಿಟ್‌ನಿಂದ ನೋಡಿ. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಡಿ. ದೀಪವನ್ನು ದಿನಕ್ಕೆ ಏಳೆಂಟು ಗಂಟೆಗೆ ಮಿತಗೊಳಿಸಿ. ಮೀನುಗಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಬೇಗ ಬೆಳೆಯುವ ಗಿಡಗಳನ್ನು ನೆಟ್ಟು, ಕೊಳೆತ ಎಲೆಗಳನ್ನು ತೆಗೆಯುತ್ತಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಹೂಕುಂಡಗಳಿಗೆ ಹಾಕಿ. ಪಾಚಿಗೆ ಗೊಬ್ಬರವಾದದ್ದು ಗಿಡಕ್ಕೂ ಗೊಬ್ಬರವೇ.

ಶಿಕ್ಷಕರು ಷಿಂಡ್ಲರರ ಪ್ರಯೋಗವನ್ನು ತರಗತಿಯಲ್ಲೇ ಚಿಕ್ಕದಾಗಿ ಮಾಡಿಸಬಹುದು. ನಾಲ್ಕು ಪಾರದರ್ಶಕ ಬಾಟಲಿಗಳಲ್ಲಿ ಒಂದು ದಿನ ತೆರೆದಿಟ್ಟ ನಲ್ಲಿ ನೀರನ್ನು ತುಂಬಿ, ಪ್ರತಿಯೊಂದಕ್ಕೂ ಒಂದು ಚಮಚ ಹಸಿರು ಕೆರೆನೀರು ಸೇರಿಸಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಕೆಲವೇ ಕಾಳು ಯೂರಿಯಾ, ಮೂರನೆಯದಕ್ಕೆ ಚಿಟಿಕೆ ಸೂಪರ್ ಫಾಸ್ಫೇಟ್, ನಾಲ್ಕನೆಯದಕ್ಕೆ ಎರಡನ್ನೂ ಹಾಕಿ ಒಂದೇ ಕಿಟಕಿಯಲ್ಲಿಡಿ. ಎರಡು ವಾರ ದಿನವೂ ಬಣ್ಣವನ್ನು ದಾಖಲಿಸಿ. ಮೊದಲನೆಯ ಬಾಟಲಿಯೇ ಹಸಿರಾದರೆ ಪ್ರಯೋಗ ಕೆಟ್ಟಿತೆಂದು ತಿಳಿಯಬೇಡಿ. ನಿಮ್ಮ ನಲ್ಲಿಯ ನೀರಿನಲ್ಲಿ ಮೊದಲೇ ಏನಿತ್ತು ಎಂದು ಮಕ್ಕಳನ್ನು ಕೇಳಿ.