ಎಳೆಯ ಧಮನಿಗಳು: ಬಾಲಮಧುಮೇಹ ಮತ್ತು ಹೃದ್ರೋಗ

ಬಾಲ್ಯದಲ್ಲಿಯೇ ಮಧುಮೇಹಕ್ಕೆ ಗುರಿಯಾದವರ ಚಿಕಿತ್ಸೆಯ ಚರಿತ್ರೆಯನ್ನು ಅವಲೋಕಿಸಿದರೆ, ವೈದ್ಯರ ದೃಷ್ಟಿ ಮೊದಲು ಪ್ರಾಣದ ಮೇಲೆಯೂ, ತರುವಾಯ ಕಣ್ಣು ಮತ್ತು ಮೂತ್ರಪಿಂಡಗಳ ಮೇಲೆಯೂ, ಕಟ್ಟಕಡೆಗೆ ಹೃದಯದ ಮೇಲೆಯೂ ಬಿದ್ದುದು ಕಂಡುಬರುತ್ತದೆ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಹದಿನಾಲ್ಕರ ಬಾಲಕ ಲಿಯೊನಾರ್ಡ್ ಥಾಂಪ್ಸನ್ನನಿಗೆ ಇನ್ಸುಲಿನ್ ಚುಚ್ಚುವ ತನಕ, ಈ ವ್ಯಾಧಿ ಹಿಡಿದ ಮಗು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಅಳಿಯುತ್ತಿತ್ತಾದ್ದರಿಂದ, ನಲವತ್ತು ವರ್ಷಗಳ ಮೇಲೆ ಅದರ ಹೃದಯದ ಗತಿಯೇನೆಂಬ ಪ್ರಶ್ನೆಯೇ ಉದಿಸುವಂತಿರಲಿಲ್ಲ. ಇನ್ಸುಲಿನ್ನಿನಿಂದ ಉಳಿದವರು ನಡುವಯಸ್ಸಿಗೆ ಬಂದಾಗ ಅದು ಉದಿಸಿತು. ಎಳವೆಯಲ್ಲಿ ಮಧುಮೇಹ ಬಂದವರಲ್ಲಿ 55ನೆಯ ವಯಸ್ಸಿನೊಳಗೆ ನೂರಕ್ಕೆ 35ರಷ್ಟು ಮಂದಿ ಹೃದಯಧಮನಿಗಳ ರೋಗದಿಂದ ಮೃತರಾಗುವರೆಂದು ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದ ವೈದ್ಯರು 1987ರಲ್ಲಿ ಲೆಕ್ಕವಿಟ್ಟು ತೋರಿಸಿದರು.

ಈ ನಡುವೆ ಕೊಲೆಸ್ಟರಾಲಿನ ವಿಚಾರ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. 1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ಧಮನಿಗಳಲ್ಲಿ ಮೇದಸ್ಸು ಶೇಖರವಾಗುವುದನ್ನು ತೋರಿಸಿದ್ದನು. ಕೊರಿಯಾ ಯುದ್ಧದಲ್ಲಿ ಮಡಿದ, ಸರಾಸರಿ ಇಪ್ಪತ್ತೆರಡು ವಯಸ್ಸಿನ ಅಮೆರಿಕನ್ ಸೈನಿಕರ ಶವಪರೀಕ್ಷೆಯ 1953ರ ವರದಿಯಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಮಂದಿಯ ಹೃದಯಧಮನಿಗಳಲ್ಲಿ ರೋಗದ ಕುರುಹು ಕಂಡಿತು. 1973ರಲ್ಲಿ ಅಮೆರಿಕದ ಬೊಗಲೂಸಾ ಊರಿನಲ್ಲಿ ಆರಂಭವಾದ ಅಧ್ಯಯನವು ಮುಪ್ಪಿನದೆಂದು ಎಲ್ಲರೂ ಎಣಿಸಿದ್ದ ಈ ರೋಗದ ಮೊದಲ ಗೆರೆಗಳನ್ನು ಶಾಲೆಗೆ ಹೋಗುವ ಮಕ್ಕಳಲ್ಲಿಯೇ ಗುರುತಿಸಿತು.

ಮಧುಮೇಹಿ ಮಗುವಿನ ಧಮನಿಗಳಲ್ಲಿ ಮೇದಸ್ಸು ಶೇಖರವಾಗುವ ಈ ಕ್ರಿಯೆ ತೀವ್ರಗೊಳ್ಳುವ ಬಗೆಯನ್ನು ಕೊಂಚ ನಿಧಾನವಾಗಿ ತಿಳಿಯಬೇಕು. ರಕ್ತದಲ್ಲಿನ ಕೊಬ್ಬನ್ನು ಒಡೆದು ಅಂಗಾಂಶಗಳಿಗೆ ಸೇರಿಸುವ ಕಿಣ್ವವು ಇನ್ಸುಲಿನ್ನಿನ ಪ್ರೇರಣೆಯಿಲ್ಲದೆ ಮಂದವಾಗುವುದರಿಂದ, ರೋಗ ಪತ್ತೆಯಾದ ದಿನಗಳಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೇರಳವಾಗಿ ಏರಿರುವುದುಂಟು. ಸಕ್ಕರೆ ಹತೋಟಿಗೆ ಬಂದೊಡನೆ ಅದು ಇಳಿಯುತ್ತದೆ. ಆದಕಾರಣ ಮೊದಲ ವಾರದ ಪರೀಕ್ಷೆಯನ್ನು ನಂಬಿ ಭಯಪಡಲಾಗದು. ನಿಜವಾಗಿ ಭಯಪಡಬೇಕಾದದ್ದು ವರ್ಷಗಟ್ಟಲೆ ಉಳಿಯುವ ಅಧಿಕ ಸಕ್ಕರೆಗೆ: ಅದು ಧಮನಿಯ ಒಳಪದರವನ್ನು ಕೆಡಿಸುತ್ತದೆ, ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣಗಳಿಗೆ ಅಂಟಿ ಅವನ್ನು ಇನ್ನಷ್ಟು ಹಾನಿಕರವಾಗಿಸುತ್ತದೆ.

ಬಾಲಮಧುಮೇಹದ ಮೂಲ ಸ್ವಪ್ರತಿರಕ್ಷೆಯಲ್ಲಿದೆ, ಅರ್ಥಾತ್ ದೇಹದ ರಕ್ಷಣಾಪಡೆ ದೇಹದ ಮೇಲೆಯೇ ತಿರುಗಿ ಬೀಳುವುದರಲ್ಲಿದೆ ಎಂಬ ಅರಿವಿನ ಇತಿಹಾಸದಲ್ಲಿ ಕನ್ನಡ ನಾಡಿನ ವೈದ್ಯರೊಬ್ಬರ ಹೆಸರೂ ಸೇರಿದೆಯೆಂಬುದು ನನಗೆ ಅಭಿಮಾನದ ಸಂಗತಿ. ಡಾ. ಎಸ್. ಶ್ರೀಕಂಠ ಅವರು ಜಾಸ್ಲಿನ್ ಕೇಂದ್ರದ ಸಹೋದ್ಯೋಗಿಗಳೊಡನೆ ಏಕರೂಪಿ ತ್ರಿವಳಿ ಮತ್ತು ಅವಳಿಗಳನ್ನು ಪರೀಕ್ಷಿಸಿ, ರೋಗ ಪ್ರಕಟವಾಗುವುದಕ್ಕೆ ವರ್ಷಗಳ ಮೊದಲೇ ಪ್ರತಿಕಾಯಗಳು ತೋರುವುದನ್ನು 1983ರಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಮರಳಿದ ಮೇಲೆ ಸಮತ್ವಂ ಸಂಸ್ಥೆಯ ಮೂಲಕ ಬಡ ಮಕ್ಕಳ ಮಧುಮೇಹದ ಆರೈಕೆಯಲ್ಲಿ ತೊಡಗಿದರು. ಕರ್ನಾಟಕದ ಬಾಲಮಧುಮೇಹ ನೋಂದಣಿಯು 1995ರಿಂದ 2008ರವರೆಗಿನ ಲೆಕ್ಕದಿಂದ ಲಕ್ಷಕ್ಕೆ 3.7 ಬಾಲಕರೂ 4.0 ಬಾಲಕಿಯರೂ ಪ್ರತಿವರ್ಷ ಈ ರೋಗಕ್ಕೆ ತುತ್ತಾಗುವರೆಂದು ತಿಳಿಸಿತು.

ಸ್ವಪ್ರತಿರಕ್ಷಾ ವ್ಯಾಧಿಗಳು ಒಂದರ ಜೊತೆಗೊಂದು ಬರುವುದುಂಟು. ಮಧುಮೇಹದ ಜೊತೆಗೆ ಥೈರಾಯಿಡ್ ಸೊರಗಿದರೆ ಎಲ್‌ಡಿಎಲ್ ಏರುತ್ತದೆ. ಕೊಬ್ಬಿಗೆ ಔಷಧ ಕೊಡುವ ಮುನ್ನ ಥೈರಾಯಿಡನ್ನು ಪರೀಕ್ಷಿಸಲೇಬೇಕು. ಗೋಧಿಯ ಗ್ಲೂಟನ್ ಸಹಿಸದ ಸೀಲಿಯಾಕ್ ರೋಗ ದಕ್ಷಿಣದಲ್ಲಿ ವಿರಳ. ಬಂದರೂ, ರಾಗಿ ಮುದ್ದೆಯಲ್ಲಿ ಗ್ಲೂಟನ್ ಇಲ್ಲದಿರುವುದು ನಮ್ಮ ಸೀಮೆಯ ಸುದೈವ. ಲೂಪಸ್ ಎಂಬ ಸ್ವಪ್ರತಿರಕ್ಷಾ ವ್ಯಾಧಿ ಮಾತ್ರ ಘೋರ: 35ರಿಂದ 44 ವಯಸ್ಸಿನ ಲೂಪಸ್ ಪೀಡಿತ ಸ್ತ್ರೀಯರಲ್ಲಿ ಹೃದಯಾಘಾತದ ಸಂಭವ ಐವತ್ತು ಪಟ್ಟಿಗೂ ಅಧಿಕವೆಂದು 1997ರಲ್ಲಿ ಗೊತ್ತಾಯಿತು. 2006ರಲ್ಲಿ ಅಮೆರಿಕದ ಹೃದಯ ಸಂಘವು ಇನ್ಸುಲಿನ್ ಅವಲಂಬಿ ಮಧುಮೇಹವನ್ನು ಅತ್ಯಧಿಕ ಅಪಾಯದ ವರ್ಗದಲ್ಲಿಯೂ, ದೀರ್ಘಕಾಲದ ಉರಿಯೂತದ ವ್ಯಾಧಿಗಳನ್ನು ಅದರ ಮುಂದಿನ ವರ್ಗದಲ್ಲಿಯೂ ಇರಿಸಿತು.

ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳನ್ನು ಮಕ್ಕಳಿಗೆ ಕೊಟ್ಟು ನೋಡಿದ ಪ್ರಯೋಗಗಳು ಬೆರಗಿನ ಫಲವನ್ನೇನೂ ತರಲಿಲ್ಲ. ಲೂಪಸ್ ಮಕ್ಕಳಲ್ಲಿಯೂ, 2017ರಲ್ಲಿ ಪ್ರಕಟವಾದ 443 ಮಧುಮೇಹಿ ಕಿಶೋರರ ಪರೀಕ್ಷೆಯಲ್ಲಿಯೂ ಕೊಲೆಸ್ಟರಾಲ್ ಇಳಿಯಿತೇ ಹೊರತು ಕತ್ತಿನ ಧಮನಿಯ ಗೋಡೆಯ ದಪ್ಪದಲ್ಲಿ ಗಣನೀಯ ಭೇದ ಕಾಣಲಿಲ್ಲ. ಇತ್ತ, ಸಕ್ಕರೆಯನ್ನು ಕಟ್ಟುನಿಟ್ಟಾಗಿ ಹತೋಟಿಯಲ್ಲಿಟ್ಟವರಲ್ಲಿ ಹೃದಯ ಮತ್ತು ರಕ್ತನಾಳಗಳ ಅವಘಡಗಳು ನೂರಕ್ಕೆ 42ರಷ್ಟು ತಗ್ಗಿದುದನ್ನು 2005ರಲ್ಲಿ ದೀರ್ಘ ಅನುಸರಣೆಯೊಂದು ಸ್ಥಿರಪಡಿಸಿತು. ಹತ್ತು ವರ್ಷ ತುಂಬಿ, ಪಥ್ಯದಿಂದಲೂ ಎಲ್‌ಡಿಎಲ್ ಡೆಸಿಲೀಟರಿಗೆ 130 ಮಿಲಿಗ್ರಾಂಗಿಂತ ಕೆಳಗಿಳಿಯದ ಮಗುವಿಗೆ ಸ್ಟಾಟಿನ್ ಯೋಚಿಸಬಹುದಾದರೂ, ಮಗುವಿನ ಹೃದಯಕ್ಕೆ ಪ್ರಥಮ ಔಷಧ ಇನ್ಸುಲಿನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹನೂರು ತಾಲ್ಲೂಕಿನ ಶಾಗ್ಯದಂತಹ ಊರಿನಲ್ಲಿ ಈ ಜ್ಞಾನವೆಲ್ಲ ಎಷ್ಟರಮಟ್ಟಿಗೆ ಮಗುವಿಗೆ ದಕ್ಕೀತೆಂಬುದೇ ನನ್ನನ್ನು ಬಾಧಿಸುವ ಚಿಂತೆ. ಸರ್ಕಾರ 2010ರಲ್ಲಿ ಕೈಗೊಂಡ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಗಳ ಕಾರ್ಯಕ್ರಮದಲ್ಲಿ ತಪಾಸಣೆ ಮೂವತ್ತು ದಾಟಿದವರಿಗೆ. ಹನ್ನೊಂದರ ಹುಡುಗಿ ಅದರ ಎಣಿಕೆಗೆ ಬಾರಳು. ಆಕೆಗೆ ಬೇಕಾದುದು ಅಪಾರವಾದುದೇನಲ್ಲ: ತಪ್ಪದ ಇನ್ಸುಲಿನ್, ವಿದ್ಯುತ್ತು ಹೋದಾಗ ಅದನ್ನು ತಂಪಾಗಿಡಲು ಒದ್ದೆ ಮಣ್ಣಿನ ಮಡಕೆ, ಮೂರು ವರ್ಷಕ್ಕೊಮ್ಮೆ ಕೊಬ್ಬಿನ ಪರೀಕ್ಷೆ. ಈ ಪರೀಕ್ಷೆಗೆ ಬರಿಹೊಟ್ಟೆಯಲ್ಲಿಯೇ ಬರಬೇಕೆಂಬ ಹಳೆಯ ನಿಯಮವೂ ಈಗ ಸಡಿಲಗೊಂಡಿದೆ. ಮೊದಲ ಸಲ ಉಂಡ ಮೇಲೆಯೂ ರಕ್ತ ಕೊಡಬಹುದು, ಕೊಬ್ಬಿನಂಶ ಅಧಿಕವೆಂದು ಕಂಡರೆ ಮಾತ್ರ ಉಪವಾಸದ ಪರೀಕ್ಷೆ ಸಾಕು. ಇನ್ಸುಲಿನ್ ತೆಗೆದುಕೊಳ್ಳುವ ಮಗುವನ್ನು ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿಸಿ ಕೊಳ್ಳೇಗಾಲಕ್ಕೆ ಕರೆತರುವಾಗ ದಾರಿಯಲ್ಲಿ ಸಕ್ಕರೆ ಕುಸಿದೀತೆಂದು ಹೆದರುವ ತಾಯಂದಿರಿಗೆ ಈ ಮಾತನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೂ ಮುಟ್ಟಿಸಬೇಕು.