ಉಚಿತ ತಂತ್ರಾಂಶವೆಂಬ ದತ್ತಿ ಮತ್ತು ಅದು ನಿಂತ ನೆಲ

ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ದಾನಶಾಸನಗಳನ್ನು ಓದುವಾಗ ಎರಡು ಮಾತುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು ‘ಸರ್ವಬಾಧಾಪರಿಹಾರ’, ಇನ್ನೊಂದು ‘ಆಚಂದ್ರಾರ್ಕ’. ಗುಡಿಗೋ ಮಠಕ್ಕೋ ಭೂಮಿಯನ್ನು ಬಿಟ್ಟುಕೊಟ್ಟವರು ಆ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಅದಕ್ಕೆ ಯಾವ ಯಾವ ತೆರಿಗೆಯ ಬಾಧೆ ಇಲ್ಲ, ಅದು ಎಷ್ಟು ಕಾಲ ನಡೆಯತಕ್ಕದ್ದು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕೊಟ್ಟೆವೆಂಬ ಮಾತು ಸಾಲದು, ಏನು ಷರತ್ತಿನ ಮೇಲೆ ಕೊಟ್ಟೆವೆಂಬುದೂ ನಾಲ್ಕು ಜನರಿಗೆ ಓದಲು ಸಿಗಬೇಕು ಎಂಬ ತಿಳಿವಳಿಕೆ ಆ ಹಿರಿಯರಿಗೆ ಇದ್ದಿತು.

ಕಳೆದ ಮೂವತ್ತು ವರ್ಷಗಳಲ್ಲಿ ಗಣಕಯಂತ್ರದ ಲೋಕದಲ್ಲಿಯೂ ಇಂತಹ ದತ್ತಿಗಳು ಹೇರಳವಾಗಿ ಬಂದಿವೆ. ಕನ್ನಡದಲ್ಲಿ ಬರೆಯುವ ತಂತ್ರಾಂಶ ಉಚಿತ, ಲೆಕ್ಕಪತ್ರ ಇಡುವ ತಂತ್ರಾಂಶ ಉಚಿತ, ಲಕ್ಷಾಂತರ ರೂಪಾಯಿ ಬೆಲೆಯ ಡೇಟಾಬೇಸಿನ ಚಿಕ್ಕ ರೂಪವೂ ಉಚಿತ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನೂ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನೂ ಗಣಕಕ್ಕೆ ಏರಿಸಬೇಕೆಂಬ ಮಾತು ಈಗ ನಡೆದಿರುವುದರಿಂದ, ಈ ದತ್ತಿಗಳ ಇತಿಹಾಸವನ್ನು ಒಮ್ಮೆ ಹೊರಳಿ ನೋಡುವುದು ಉಚಿತವೆಂದು ನಮಗೆ ತೋರಿತು. ನಾವು ತಂತ್ರಜ್ಞರಲ್ಲ. ಆಯುಷ್ಯವೆಲ್ಲ ಹಾಜರಿ ಪುಸ್ತಕವನ್ನೂ ದಾಖಲ್-ಖಾರಿಜ್ ರಜಿಸ್ಟರನ್ನೂ ಕಾಯ್ದವರು. ಆ ದೃಷ್ಟಿಯಿಂದಲೇ ಈ ನಾಲ್ಕು ಮಾತು.

ಓದಲಾಗದ ದಾಖಲೆ ಎಂದರೇನು ಎಂಬುದನ್ನು ಉಮರ್ಗಾ, ನಿಲಂಗಾ, ಉದಗೀರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಈ ಸೀಮೆ 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಕಚೇರಿಯ ಭಾಷೆ ಉರ್ದು. ಮನೆಯ ಮರಾಠಿ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿ. ಮನೆಮಾತು ಕನ್ನಡ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರ ಮೇ 1ರಿಂದ ನಾವೆಲ್ಲರೂ ಮಹಾರಾಷ್ಟ್ರದವರಾದೆವು. ಆಳುವವರು ಬದಲಾದಂತೆ ಕಾಗದದ ಲಿಪಿಯೂ ಬದಲಾಯಿತು. ಇಂದಿಗೂ ಎಷ್ಟೋ ಮನೆಗಳ ಸಂದೂಕದಲ್ಲಿ ಅಜ್ಜನ ಕಾಲದ ಕಾಗದಗಳು ಭದ್ರವಾಗಿವೆ. ಹುಳು ತಿಂದಿಲ್ಲ, ಶಾಯಿ ಮಾಸಿಲ್ಲ. ಓದುವವರು ಮಾತ್ರ ಇಲ್ಲ. ಹೊಲದ ಎಲ್ಲೆಯ ತಂಟೆ ಬಂದಾಗ ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಕಾಗದ ನಮ್ಮದು, ಅದರ ಬೀಗದ ಕೈ ಪರರದು.

ಇದೇ ಅನುಭವ ಗಣಕದಲ್ಲಿಯೂ ನಮಗಾಯಿತು. 2003ರ ಸುಮಾರಿಗೆ ನಾವು ಕೆಲಸದಲ್ಲಿದ್ದ ಶಾಲೆಗೆ ಒಂದು ಹಳೆಯ ಗಣಕ ಬಂದಿತು. ಇಬ್ಬರು ಹಳೆಯ ವಿದ್ಯಾರ್ಥಿಗಳು ದೀಪಾವಳಿಯ ರಜೆಯಲ್ಲಿ ಕುಳಿತು ಶಾಲೆಯ ಆರುನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳ ಪಟ್ಟಿಯನ್ನು ಅದರಲ್ಲಿ ಬರೆದಿಟ್ಟರು. ಬಳಸಿದ ತಂತ್ರಾಂಶವೆಲ್ಲ ಉಚಿತವಾಗಿ ದೊರೆತದ್ದೇ. ಎಂಟು ವರ್ಷಗಳ ಬಳಿಕ ಆ ಯಂತ್ರ ಕೆಟ್ಟಿತು. ಕಡತವನ್ನು ಹೊಸ ಯಂತ್ರಕ್ಕೆ ಸಾಗಿಸಿ ತೆರೆದರೆ, ಪುಸ್ತಕದ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ತುಂಬಿದ್ದವು. ಒಂದು ಅಕ್ಷರವೂ ಅಳಿದಿರಲಿಲ್ಲ, ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಕೈಬರಹದ ಹಳೆಯ ರಜಿಸ್ಟರನ್ನು ರದ್ದಿಗೆ ಹಾಕದೆ ಇಟ್ಟಿದ್ದುದರಿಂದ ಮಾನ ಉಳಿಯಿತು.

ಹಾಗೇಕಾಯಿತೆಂಬುದು ನಮಗೆ ತಿಳಿದದ್ದು ತಡವಾಗಿ. ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕವೇ ಬಂದಿದ್ದರೂ, ದಿನಬಳಕೆಯ ತಂತ್ರಾಂಶಗಳು ಬೇರೊಂದು ಹಾದಿ ಹಿಡಿದಿದ್ದವು. ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಕುಳಿತಿದ್ದ ಮನೆಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುವುದೇ ಆ ಹಾದಿ. ಆಯಾ ಫಾಂಟ್ ಇದ್ದರೆ ಕನ್ನಡ ಕಾಣುತ್ತಿತ್ತು, ಇಲ್ಲದಿದ್ದರೆ ಕಸ ಕಾಣುತ್ತಿತ್ತು. ಒಬ್ಬರ ಫಾಂಟಿನ ಲೆಕ್ಕ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ.

ಆ ಕಾಲದ ದತ್ತಿಗಳನ್ನು ಕೀಳುಗಳೆಯುವುದು ಸಲ್ಲದು. 1998ರ ಜನವರಿಯಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಹೊರತಂದು ಉಚಿತವಾಗಿ ಹಂಚಿದರು. ಕೆ. ಪಿ. ರಾವ್ ಅವರು ಉಚ್ಚಾರದ ತರ್ಕಕ್ಕೆ ಅನುಗುಣವಾಗಿ ರೂಪಿಸಿದ ಕೀಲಿಮಣೆಯ ವಿನ್ಯಾಸವು ಮುಂದಿನವರಿಗೆ ಅಡಿಗಲ್ಲಾಯಿತು. ಅದರ ಆಧಾರದ ಮೇಲೆ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರದ ನೆರವಿನಿಂದ ‘ನುಡಿ’ಯನ್ನು ಸಿದ್ಧಗೊಳಿಸಿ ಉಚಿತವಾಗಿ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಸಲುವಾಗಿ ಕಳಕಳಿಯಿಂದ ದುಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ‘ಕುವೆಂಪು’ ಹೆಸರಿನ ತಂತ್ರಾಂಶವನ್ನು ಹೊರತಂದಿತು. ಗಡಿಯಾಚೆ ಇರುವ ನಮ್ಮಂಥವರು ಕರಪತ್ರವನ್ನೂ ಪ್ರಶ್ನೆಪತ್ರಿಕೆಯನ್ನೂ ಕನ್ನಡದಲ್ಲಿ ಮುದ್ರಿಸಲು ಸಾಧ್ಯವಾದದ್ದು ಇಂತಹ ಪ್ರಯತ್ನಗಳಿಂದ. ಆ ಋಣ ದೊಡ್ಡದು.

ಅಕ್ಷರದ ಗೊಂದಲಕ್ಕೆ ಪರಿಹಾರ ಒದಗಿಸಿದ್ದು ಯೂನಿಕೋಡ್. 1991ರ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಸ್ವಂತ ಓಣಿಯನ್ನು ಕೊಡಲಾಯಿತು. ಅದರಲ್ಲಿ ಕನ್ನಡದ ‘ಕ’ ಅಕ್ಷರದ ಸಂಖ್ಯೆ 3221, ಮರಾಠಿಯನ್ನು ಬರೆಯುವ ದೇವನಾಗರಿಯ ‘ಕ’ ಅಕ್ಷರದ್ದು 2325. ಹಿಂದೆ ಫಾಂಟ್ ಬದಲಿಸಿದರೆ ಒಂದು ಭಾಷೆ ಇನ್ನೊಂದನ್ನು ನುಂಗುತ್ತಿತ್ತು. ಈಗ ಒಂದೇ ಹಾಳೆಯಲ್ಲಿ ಎರಡೂ ನೆರೆಹೊರೆಯವರಂತೆ ಬಾಳಬಲ್ಲವು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಯಾವುದು?

ಆದರೆ ಸಂಖ್ಯೆ ಗೊತ್ತಾದರೆ ಸಾಲದು, ಅದನ್ನು ತಿಳಿದು ಅಕ್ಷರವನ್ನಾಗಿ ತೋರಿಸುವ ನೆಲವೂ ಬೇಕು. ಗಣಕದಲ್ಲಿ ಆ ನೆಲವೇ ಆಪರೇಟಿಂಗ್ ಸಿಸ್ಟಂ, ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ. ಉಳಿದ ತಂತ್ರಾಂಶಗಳೆಲ್ಲ ಅದರ ಮೇಲೆ ಕಟ್ಟಿದ ಮನೆಗಳು. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡ ಕಾಣಿಸಿಕೊಂಡದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಅಕ್ಷರಕ್ಕೆ ಮನೆ ದೊರೆತ ಹತ್ತು ವರ್ಷಗಳ ಬಳಿಕ! ಅದೇ 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇನ್ನೊಂದು ನೆಲ. ಅದರಲ್ಲಿ ಕನ್ನಡವನ್ನು ತಂದು ಕೂರಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಕೇದಗೆ, ಮಲ್ಲಿಗೆ ಎಂಬ ಫಾಂಟುಗಳು ಅದರೊಡನೆ ಬಂದವು. ಸ್ವಯಂಸೇವಕರು ಅದರ ಸೂಚನೆಗಳನ್ನೂ ಕನ್ನಡಿಸಿದರು.

ಇನ್ನು ಡೇಟಾಬೇಸಿನ ಮಾತು. ಅದನ್ನು ಕನ್ನಡದಲ್ಲಿ ದತ್ತಸಂಚಯ ಎನ್ನುತ್ತಾರೆ. ಶಾಲೆಯ ದಾಖಲ್-ಖಾರಿಜ್ ರಜಿಸ್ಟರನ್ನು ನೆನೆಸಿಕೊಂಡರೆ ಅದು ಅರ್ಥವಾಗುತ್ತದೆ. ಪ್ರತಿ ವಿದ್ಯಾರ್ಥಿಗೆ ಒಂದು ಸಾಲು. ಹೆಸರು, ಹುಟ್ಟಿದ ದಿನ, ಸೇರಿದ ತರಗತಿ, ಬಿಟ್ಟ ದಿನ ಎಂಬ ಕಲಮುಗಳು. ಬೇಕಾದ ಸಾಲನ್ನು ಕ್ಷಣದಲ್ಲಿ ಹುಡುಕಿ ಕೊಡುವ ರಜಿಸ್ಟರೇ ದತ್ತಸಂಚಯ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಇಂತಹ ರಜಿಸ್ಟರಿಗೆ ಏರಿದವು. ಗಡಿಯಾಚೆಯ ಬೀಗರು ತಾಲ್ಲೂಕು ಕೇಂದ್ರಕ್ಕೆ ಹೋಗಿ 15 ರೂಪಾಯಿ ಕೊಟ್ಟು ಪಹಣಿ ತರುತ್ತಿದ್ದುದನ್ನು ಕೇಳಿ, ಸಾತಬಾರಾಕ್ಕಾಗಿ ತಲಾಠಿಯವರ ಬರವು ಕಾಯುತ್ತಿದ್ದ ನಮ್ಮವರು ಬೆರಗಾದದ್ದು ನೆನಪಿದೆ.

ಇಂತಹ ರಜಿಸ್ಟರುಗಳನ್ನು ಮಾರಿ ಬೆಳೆದ ದೊಡ್ಡ ಕಂಪನಿಗಳು 2005 ಮತ್ತು 2006ರಲ್ಲಿ ಪೈಪೋಟಿಯಿಂದ ಅವನ್ನು ಹಂಚತೊಡಗಿದವು. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ 2005ರ ಎಕ್ಸ್‌ಪ್ರೆಸ್ ಆವೃತ್ತಿ, ಒರಾಕಲ್‌ನ 10ಜಿ ಎಕ್ಸ್‌ಪ್ರೆಸ್ ಆವೃತ್ತಿ, ಐಬಿಎಂನ ಡಿಬಿ2 ಎಕ್ಸ್‌ಪ್ರೆಸ್-ಸಿ ಮೂರೂ ಉಚಿತ. ಈ ಔದಾರ್ಯಕ್ಕೆ ಕಾರಣವಿಲ್ಲದಿರಲಿಲ್ಲ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಮುಕ್ತ ದತ್ತಸಂಚಯಗಳು ಅದಾಗಲೇ ಊರೆಲ್ಲ ಹಬ್ಬಿದ್ದವು. ಕಲಿಯುವವರು ತಮ್ಮ ಕೈಬಿಟ್ಟು ಆಚೆಗೆ ಹೋಗುವುದನ್ನು ತಡೆಯಬೇಕಾಗಿತ್ತು.

ಈ ದತ್ತಿಗಳ ಶಾಸನವನ್ನು ಓದಿ ನೋಡಬೇಕು. ಮೈಕ್ರೋಸಾಫ್ಟ್ ಮತ್ತು ಒರಾಕಲ್ ಕೊಟ್ಟವು 4 ಗಿಗಾಬೈಟಿನಷ್ಟು ದತ್ತಾಂಶವನ್ನು ಮಾತ್ರ ಹಿಡಿಯುತ್ತಿದ್ದವು. ಯಂತ್ರದಲ್ಲಿ ಎಷ್ಟಿದ್ದರೂ ಒಂದೇ ಪ್ರೊಸೆಸರು, 1 ಗಿಗಾಬೈಟಿನ ನೆನಪು ಇಷ್ಟನ್ನೇ ಬಳಸಿಕೊಳ್ಳುತ್ತಿದ್ದವು. ಐಬಿಎಂ ದತ್ತಾಂಶದ ಅಳತೆಗೆ ಮಿತಿ ಇಡದೆ, ಎರಡು ಪ್ರೊಸೆಸರು, 4 ಗಿಗಾಬೈಟ್ ನೆನಪು ಎಂಬ ಎಲ್ಲೆ ಹಾಕಿತ್ತು. ನೆಲದ ವಿಚಾರದಲ್ಲಿಯೂ ಭೇದವಿತ್ತು. ಒರಾಕಲ್ ಮತ್ತು ಐಬಿಎಂ ಕೊಟ್ಟವು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ನಿಲ್ಲುತ್ತಿದ್ದವು. ಮೈಕ್ರೋಸಾಫ್ಟ್ ಕೊಟ್ಟದ್ದು ವಿಂಡೋಸಿನಲ್ಲಿ ಮಾತ್ರ. ಆ ದತ್ತಸಂಚಯಕ್ಕೆ ಲಿನಕ್ಸಿನ ನೆಲ ದೊರೆತದ್ದು 2017ರಲ್ಲಿ. ಅಂದರೆ ಬಾವಿಯನ್ನು ಉಚಿತವಾಗಿ ಕೊಟ್ಟರೂ, ಬಾವಿಗೆ ಹೋಗುವ ದಾರಿ ಕೊಟ್ಟವರ ಹೊಲದಲ್ಲಿಯೇ ಇದ್ದಿತು. ಇದರಲ್ಲಿ ಮೋಸವೇನೂ ಇಲ್ಲ. ಷರತ್ತುಗಳನ್ನು ಅವರು ಬರೆದೇ ಕೊಟ್ಟಿದ್ದರು. ಓದದೆ ಒಪ್ಪಿಗೆಯ ಗುಂಡಿ ಒತ್ತಿದ್ದು ಪಡೆದವರ ತಪ್ಪು.

ಇದಕ್ಕೆ ಬೇರೆಯಾದ ದತ್ತಿಯೊಂದಿದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. ಮುಂದೆ ಸ್ಪಷ್ಟರೂಪ ಪಡೆದ ಆ ಚಳವಳಿಯ ತತ್ತ್ವದಂತೆ, ತಂತ್ರಾಂಶವನ್ನು ಬಳಸುವ, ಒಳಗನ್ನು ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಇರಬೇಕು. ಇಲ್ಲಿ ಬೆಲೆಯ ಮಾತು ಮುಖ್ಯವಲ್ಲ, ಹಕ್ಕಿನ ಮಾತು ಮುಖ್ಯ. ಇದರ ಬಲ ತಿಳಿದದ್ದು ಮೈಎಸ್‌ಕ್ಯುಎಲ್ ಪ್ರಸಂಗದಲ್ಲಿ. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಾಗ ಮೈಎಸ್‌ಕ್ಯುಎಲ್ ಕೂಡ ಅದರ ವಶವಾಯಿತು. ಆದರೆ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್, ಅದರ ಮುಕ್ತ ಪ್ರತಿಯನ್ನೇ ಆಧಾರವಾಗಿಟ್ಟುಕೊಂಡು ಮಾರಿಯಾಡಿಬಿ ಎಂಬುದನ್ನು ಆಗಲೇ ಆರಂಭಿಸಿದ್ದರು. ಮೊದಲನೆಯದು ಹಿರಿಯ ಮಗಳು ‘ಮೈ’ ಹೆಸರಿನದು, ಎರಡನೆಯದು ಕಿರಿಯ ಮಗಳು ‘ಮಾರಿಯಾ’ ಹೆಸರಿನದು. ಒಡೆಯ ಬದಲಾದರೂ ಒಕ್ಕಲು ಎದ್ದುಹೋಗಬೇಕಾಗಲಿಲ್ಲ. ಸರ್ವಬಾಧಾಪರಿಹಾರವೆಂದರೆ ಇದೇ ಅಲ್ಲವೆ?

ನಮ್ಮಂತೆಯೇ ಗಡಿಯಾಚೆ ಉಳಿದ ಇನ್ನೊಂದು ಕನ್ನಡ ನೆಲ ಕಾಸರಗೋಡು. ಕೇರಳವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಶಾಲೆಗಳಿಗೆ ಲಿನಕ್ಸನ್ನು ಆರಿಸಿಕೊಂಡಿತು. ಹತ್ತನೆಯ ತರಗತಿಯ ಗಣಕ ಪರೀಕ್ಷೆಯೂ ಅದರಲ್ಲಿಯೇ ನಡೆಯತೊಡಗಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅದೇ ವ್ಯವಸ್ಥೆಯೊಳಗೆ ಬಂದವು. ಅಲ್ಲಿಯ ಕನ್ನಡದ ಕಷ್ಟಗಳು ಬೇರೆ ಇವೆ, ಅದು ಬೇರೆ ಮಾತು. ಆದರೆ ನೆಲವನ್ನು ಆರಿಸುವುದು ಬಡವರ ಕೈಮೀರಿದ ಕೆಲಸವೆಂಬ ಮಾತಿಗೆ ಆ ಶಾಲೆಗಳೇ ಉತ್ತರ.

ಗ್ರಂಥಾಲಯದ ವಿಷಯದಲ್ಲಿ ಮತ್ತೊಂದು ಉದಾಹರಣೆ ನಮಗೆ ಬಹಳ ಹಿಡಿಸಿದೆ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿಯ ಸಾರ್ವಜನಿಕ ಗ್ರಂಥಾಲಯಕ್ಕಾಗಿ 1999ರಲ್ಲಿ ಒಂದು ತಂತ್ರಾಂಶ ಸಿದ್ಧವಾಯಿತು. ಅದನ್ನು ಮುಕ್ತವಾಗಿ ಲೋಕಕ್ಕೆ ಬಿಟ್ಟುಕೊಟ್ಟು ‘ಕೊಹಾ’ ಎಂದು ಹೆಸರಿಟ್ಟರು. ಅಲ್ಲಿಯ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಕೊಹಾ ಎಂದರೆ ಉಡುಗೊರೆ; ಸಮಯ ಬಂದಾಗ ಹಿಂದಕ್ಕೆ ಸಲ್ಲಿಸತಕ್ಕ ಉಡುಗೊರೆ. ನಮ್ಮ ಮುಯ್ಯಿಯೇ ಅದು! ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನು ಬರೆದಿಟ್ಟು, ಅವರ ಮನೆಯ ಕಾರ್ಯದಲ್ಲಿ ತೀರಿಸುವ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ಬಳಸುವವರೆಲ್ಲ ತಿದ್ದಿ, ಅನುವಾದಿಸಿ, ದೋಷವನ್ನು ತಿಳಿಸಿ ಋಣ ತೀರಿಸುವುದರಿಂದಲೇ ಮುಕ್ತ ತಂತ್ರಾಂಶ ಬೆಳೆಯುತ್ತದೆ.

ಆದರೆ ಮುಕ್ತವಾದುದೆಲ್ಲ ಸುಲಭವೆಂದು ತಿಳಿಯಬಾರದು. ಲಿನಕ್ಸಿನಲ್ಲಿ ಪ್ರಿಂಟರು ಹಟಮಾಡಿದರೆ ತಿಳಿಹೇಳುವವರು ಉಮರ್ಗಾದಲ್ಲಿ ಕೂಡಲೇ ಸಿಗಲಿಕ್ಕಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತವೇ ಸುಮಾರು 15,000 ಗಣಕಗಳನ್ನು ಲಿನಕ್ಸಿಗೆ ತಂದು, 2017ರಲ್ಲಿ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ಇತ್ತ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ಮುಗಿದಿದೆ. ಹಳೆಯ ಯಂತ್ರಗಳು ಎಷ್ಟೋ ವಿಂಡೋಸ್ 11ಕ್ಕೆ ಒಗ್ಗವು. ಸಂಘದ ಕೋಣೆಯಲ್ಲಿರುವಂತಹ ಹಳೆಯ ಗಣಕಕ್ಕೆ ಇಂದು ಲಿನಕ್ಸ್ ಹಾಕುವುದು ಒಂದು ದಾರಿ. ಅದು ಬೇಡವೆಂದರೂ ಎರಡೂ ನೆಲಗಳಲ್ಲಿ ನಡೆಯುವ ಲಿಬ್ರೆಆಫೀಸಿನಂತಹ ತಂತ್ರಾಂಶವನ್ನು ಆರಿಸಿಕೊಂಡರೆ, ನಾಳೆ ನೆಲ ಬದಲಿಸುವಾಗ ಪಟ್ಟಿಯನ್ನು ಹೊತ್ತೊಯ್ಯಬಹುದು.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬಿನ್ನಹ ಇಷ್ಟೇ. ಪಟ್ಟಿಯನ್ನು ಯೂನಿಕೋಡಿನಲ್ಲಿಯೇ ಬರೆಯಿಸಿರಿ. ಯಾವ ದತ್ತಸಂಚಯವನ್ನು ಬಳಸಿದರೂ ಅದರಿಂದ ಸಾದಾ ಪಠ್ಯದ ಪ್ರತಿಯೊಂದನ್ನು ವರ್ಷಕ್ಕೊಮ್ಮೆ ಹೊರತೆಗೆದು ಬೇರೊಂದು ಕಡೆ ಇಡಿರಿ. ಹೊರತೆಗೆಯಲು ಬಾರದ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರೂ ಬೇಡವೆನ್ನಿರಿ. ಒಬ್ಬನೇ ಜಾಣನನ್ನು ನಂಬದೆ, ಒಬ್ಬ ಹುಡುಗ ಒಬ್ಬ ಹುಡುಗಿಗಾದರೂ ಈ ಕೆಲಸ ಕಲಿಸಿರಿ. ಕಾಗದದ ರಜಿಸ್ಟರನ್ನು ಮಾತ್ರ ರದ್ದಿಗೆ ಹಾಕಬೇಡಿರಿ.

ಗಡಿಯಲ್ಲಿ ಕನ್ನಡ ಓದುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ನಾವು ಕಣ್ಣಾರೆ ಕಂಡವರು. ಯಾರು ಯಾವ ಶಾಲೆಯಲ್ಲಿ ಕನ್ನಡ ಕಲಿತರು, ಯಾವ ಊರಲ್ಲಿ ಯಾವ ಪುಸ್ತಕವಿತ್ತು ಎಂಬ ಲೆಕ್ಕವೇ ಮುಂದೊಂದು ದಿನ ನಾವು ಇಲ್ಲಿದ್ದೆವೆಂಬುದಕ್ಕೆ ಸಾಕ್ಷಿ. ಅಜ್ಜನ ಮೋಡಿ ಕಾಗದವನ್ನು ನಾವು ಓದಲಾರದೆ ಹೋದೆವು. ನಮ್ಮ ಮೊಮ್ಮಕ್ಕಳು ನಮ್ಮ ಪಟ್ಟಿಯನ್ನು ಓದುವಂತಾಗಲಿ.